ನಾಲ್ಕು ಚಕ್ರ, ಒಂದೇ ಹುರಿ

ನನ್ನ ಅತ್ತೆ ಜನಾಬಾಯಿಯವರು ನನ್ನ ಮದುವೆಯಾದ ದಿನದಿಂದ ಮೊನ್ನೆಯವರೆಗೆ, ಅಂದರೆ ಹತ್ತೊಂಬತ್ತು ವರ್ಷ, ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇಲ್ಲ. ಔರಾದ ತಾಲೂಕಿನ ಎಕಂಬಾದ ಅವರ ಮನೆತನದಲ್ಲಿ ಅತ್ತೆಯಾದವರು ಅಳಿಯನ ಎದುರು ಸೆರಗು ಮುಂದಕ್ಕೆ ಎಳೆದುಕೊಂಡು ಸುಮ್ಮನಿರುವುದೇ ಮರ್ಯಾದೆ. ನನಗೆ ಹೇಳಬೇಕಾದದ್ದು ಇದ್ದರೆ ಅವರು ಅಡುಗೆಮನೆಯಲ್ಲಿ ಮಗಳ ಕಿವಿಗೆ ಹೇಳುತ್ತಾರೆ. ಮಗಳು, ಅಂದರೆ ನನ್ನ ಹೆಂಡತಿ ರಾಧಿಕಾ, ಪಡಸಾಲೆಗೆ ಬಂದು ನನಗೆ ಹೇಳುತ್ತಾಳೆ. ವಿದ್ಯುತ್ತು ತಂತಿಯಲ್ಲಿ ಹರಿಯುವಾಗ ದಾರಿಯಲ್ಲಿ ಸ್ವಲ್ಪ ನಷ್ಟವಾಗುತ್ತದೆ ಎಂದು ಭಾಲ್ಕಿಯ ಪ್ರೌಢಶಾಲೆಯಲ್ಲಿ ಪ್ರತಿವರ್ಷ ಹತ್ತನೆಯ ತರಗತಿಗೆ ಪಾಠ ಮಾಡುವ ನಾನು, ನನ್ನ ಸ್ವಂತ ಮನೆಯ ತಂತಿಯಲ್ಲಿ ಎಷ್ಟು ನಷ್ಟವಾಗುತ್ತದೆ ಎಂಬುದನ್ನು ಮಾತ್ರ ಎಂದೂ ಲೆಕ್ಕ ಹಾಕಿರಲಿಲ್ಲ.

ಲೆಕ್ಕ ಹಾಕುವ ಸಂದರ್ಭ ಬಂದದ್ದು ಒಂದು ರೋಬೋಟಿನಿಂದ.

ನನ್ನ ಮಗಳು ಅಂಬಿಕಾ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾಳೆ. ಅವಳೂ ಅವಳ ಗೆಳತಿ ಫರ್ಹೀನಳೂ ಸೇರಿ ಬೀದರದಲ್ಲಿ ನಡೆಯುವ ವಿದ್ಯಾರ್ಥಿಗಳ ಸ್ಪರ್ಧೆಗೆ ಒಂದು ರೋಬೋಟು ಮಾಡಿದ್ದರು. ಸ್ಪರ್ಧೆಯ ನಿಯಮ ಕೇಳಲು ಸುಲಭ. ತುಂಬಿದ ನೀರಿನ ಲೋಟ ಹೊತ್ತುಕೊಂಡು ರೋಬೋಟು ಮೊದಲು ನುಣುಪಾದ ಫರಸಿಕಲ್ಲಿನ ನೆಲದ ಮೇಲೆ, ಆಮೇಲೆ ಮರಳಿನಲ್ಲಿ, ಕೊನೆಗೆ ಒಂದು ಏರಿನ ಮೇಲೆ ಸಾಗಬೇಕು. ದಾರಿಯ ಅಗಲ ಎರಡೇ ಅಡಿ. ಅಂಚಿನ ದಾರ ಮುಟ್ಟಿದರೆ ಸ್ಪರ್ಧೆಯಿಂದ ಹೊರಗೆ. ಹೋದ ವರ್ಷ ಇವರಿಬ್ಬರ ರೋಬೋಟು ಮರಳಿನ ಮೊದಲ ಗೇಣಿನಲ್ಲೇ ಹೂತು ನಿಂತಿತ್ತು. ಅಂಗಡಿಯ ಚಕ್ರಗಳಿಗೆ ಮರಳೆಂದರೆ ಆಗದು. ಈ ವರ್ಷ ತಪ್ಪಿದರೆ ಇಬ್ಬರಿಗೂ ಮತ್ತೆ ಅವಕಾಶವಿಲ್ಲ.

"ಪಪ್ಪಾ, ಗಾಲಿ ನಾವೇ ಮಾಡಸ್ಬೇಕ್ರಿ. ನೀವು ಹಿಸಾಬ ಮಾಡಿ ಕೊಡ್ತೀರೇನು?" ಎಂದು ಅಂಬಿಕಾ ಒಂದು ಸಂಜೆ ಕೇಳಿದಳು.

ಕಳೆದ ಎರಡು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ್ದು ಮೊಬೈಲಿನ ಚಾರ್ಜರು ಒಂದೇ. ನಾನು ಕೂಡಲೇ ಇನ್ನೂರು ಪುಟದ ಹೊಸ ನೋಟುಬುಕ್ಕು ತಂದೆ.

ಚಕ್ರವೆಂಬ ವಸ್ತುವಿನ ಬಗ್ಗೆ ನಾನು ಅಲ್ಲಿಯವರೆಗೆ ನಿಜವಾಗಿ ಯೋಚಿಸಿರಲಿಲ್ಲ. ಒಂದು ಗಾಡಿ ನೆಲವನ್ನು ಮುಟ್ಟುವುದು ಚಕ್ರದ ತಳದ ಒಂದು ಬೆರಳಿನಷ್ಟು ಜಾಗದಲ್ಲಿ. ಗಾಡಿಯ ಭಾರ, ಅದರ ವೇಗ, ಅದರ ಮೇಲಿನ ಲೋಟದ ನೀರು, ಇಬ್ಬರು ಹುಡುಗಿಯರ ಮೂರು ವರ್ಷದ ಓದು, ಎಲ್ಲವೂ ಆ ಬೆರಳಗಲದ ಮೇಲೆ ನಿಂತಿರುತ್ತವೆ. ನನಗೆ ಮೈ ಜುಮ್ಮೆಂದಿತು. (ರಾಧಿಕಾಳಿಗೆ ಇದನ್ನು ಹೇಳಿದೆ. ಮೂರು ದಿನದಿಂದ ಗೋಡೆ ನೋಡುತ್ತ ಗಾಲಿ ಗಾಲಿ ಅನ್ನುವ ಬದಲು ಗ್ಯಾಸ್ ಸಿಲಿಂಡರಿಗೆ ನಂಬರು ಹಚ್ಚಿದ್ದರೆ ತನಗೂ ಮೈ ಜುಮ್ಮೆನ್ನುತ್ತಿತ್ತು ಎಂದಳು.)

ಇಪ್ಪತ್ತೆರಡು ಪುಟಗಳ ನಂತರ ವಿನ್ಯಾಸ ಸಿದ್ಧವಾಯಿತು. ನೈಲಾನಿನ ಚಕ್ರ, ವ್ಯಾಸ ತೊಂಬತ್ತು ಮಿಲಿಮೀಟರು, ಅಗಲ ನಲವತ್ತು. ಸುತ್ತಲೂ ಇಪ್ಪತ್ತನಾಲ್ಕು ಕಚ್ಚು. ಕಚ್ಚುಗಳ ನಡುವಿನ ದಿಬ್ಬಗಳ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ. ಕಚ್ಚುಗಳು ನೇರವಾಗಿದ್ದರೆ ಒಂದೊಂದು ದಿಬ್ಬವೂ ಫರಸಿಗೆ ಬಡಿದು ಲೋಟದ ನೀರು ತುಳುಕುತ್ತದೆ. ಆದ್ದರಿಂದ ಮೂವತ್ತು ಡಿಗ್ರಿ ಓರೆ. ಆಗ ಒಂದು ದಿಬ್ಬ ನೆಲ ಬಿಡುವ ಮೊದಲೇ ಇನ್ನೊಂದು ನೆಲ ಹಿಡಿದಿರುತ್ತದೆ. ಈ ಓರೆ ನನ್ನ ತಲೆಗೆ ಹೊಳೆದಾಗ ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಬೇರೆ ಯಾರೂ ಹತ್ತಿರ ಇರಲಿಲ್ಲ.

ಚಕ್ರ ಮಾಡಿಕೊಟ್ಟವರು ನಮ್ಮೂರಿನ ಲೇಥಿನ ಚಾಂದ ಪಾಶಾ. ಅವರ ಕೆಲಸ ನೋಡಲೆಂದೇ ನಾನು ಒಂದು ಮಧ್ಯಾಹ್ನ ರಜೆ ಹಾಕಿದೆ. ತಿರುಗುವ ನೈಲಾನಿಗೆ ಅವರು ಉಳಿ ತಾಗಿಸಿದರೆ ಶಾವಿಗೆಯಂಥ ಬಿಳಿ ಎಳೆ ಕಡಿಯದೆ ಬರುತ್ತಿತ್ತು. ಅಳತೆಗೆ ವರ್ನಿಯರ್ ಮುಟ್ಟುವ ಮೊದಲೇ "ಆತ್ರಿ" ಎಂದು ಯಂತ್ರ ನಿಲ್ಲಿಸಿದರು. ನಾನು ಅಳೆದೆ. ತೊಂಬತ್ತು ಮಿಲಿಮೀಟರಿಗೆ ಕೂದಲೆಳೆಯ ಹೆಚ್ಚುಕಡಿಮೆಯೂ ಇರಲಿಲ್ಲ. ಕಚ್ಚು ಕೊರೆಯುವ ಮೊದಲು ಮಾತ್ರ ಅವರು ಕೈ ತಡೆದರು.

"ಸರ್, ಚಾರೂ ಗಾಲಿಗಿ ಓರೆ ಒಂದೇ ಕಡಿ ಕೊಡ್ಲೇನ್ರಿ? ಇಲ್ಲಾ ಎಡಗಡಿ ಎರಡಕ್ಕ ಬ್ಯಾರೆ, ಬಲಗಡಿ ಎರಡಕ್ಕ ಬ್ಯಾರೆ?"

ನಾನು ನಕ್ಕೆ. ನಾಲ್ಕೂ ಒಂದೇ ಥರ ಇರಲಿ, ಎಡಗಡೆ ಹಾಕುವಾಗ ಚಕ್ರವನ್ನು ತಿರುಗಿಸಿ ಹಾಕಿದರೆ ಓರೆ ತಾನಾಗಿ ತಿರುಗುತ್ತದೆ ಎಂದು ಹೇಳಿದೆ. ಹೇಳಿದೆ ಎಂದರೆ ಅರ್ಧ ಗಂಟೆ ಹೇಳಿದೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು. ಅವರು ಕೈಕಟ್ಟಿಕೊಂಡು ಪೂರ್ತಿ ಕೇಳಿ, "ಬರೋಬರಿ ಸರ್" ಎಂದರು.

ಚಕ್ರಗಳು ಮನೆಗೆ ಬಂದ ದಿನ ಅತ್ತೆ ನಮ್ಮಲ್ಲೇ ಇದ್ದರು. ಅವರು ಬರುವಾಗ ಒಂದು ಚೀಲ ಉಣ್ಣೆ, ನೂಲುವ ಒಂದು ಕದಿರು ತಂದೇ ತರುತ್ತಾರೆ. ಕುರಿ ಸಾಕಿದ ಮನೆಯವರು, ನೂಲುವ ಕೈ ಸುಮ್ಮನಿರುವುದಿಲ್ಲ. ಅಂದು ಅವರು ಕದಿರು ಬದಿಗಿಟ್ಟು ಒಂದು ಚಕ್ರವನ್ನು ಮಡಿಲಿಗೆ ತೆಗೆದುಕೊಂಡರು. ಓರೆ ಕಚ್ಚಿನ ಮೇಲೆ ಹೆಬ್ಬೆರಳು ಎಳೆದರು. ಇನ್ನೊಂದನ್ನು ತೆಗೆದುಕೊಂಡು ಅದರ ಮೇಲೂ ಎಳೆದರು. ನಂತರ ಎದ್ದು ಅಡುಗೆಮನೆಗೆ ಹೋದರು. ಒಳಗಿನಿಂದ ಬಹಳ ಹೊತ್ತು ಪಿಸುಮಾತು ಕೇಳಿಸಿತು. ರಾಧಿಕಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಗಾಲಿ ಭಾಳ ಚಂದ ಆಗ್ಯಾವ ಅಂತಾಳ ನೋಡ್ರಿ ಅವ್ವ."

ಅಷ್ಟು ಹೊತ್ತಿನ ಪಿಸುಮಾತಿಗೆ ನಾಲ್ಕೇ ಪದವೇ ಎಂಬ ಸಂಶಯ ಒಬ್ಬ ವಿಜ್ಞಾನದ ಪದವೀಧರನಿಗೆ ಬರಬೇಕಿತ್ತು. ಬರಲಿಲ್ಲ. 'ಅನುಭವಿಗಳಿಂದಲೂ ಮೆಚ್ಚುಗೆ' ಎಂದು ಇಪ್ಪತ್ತಮೂರನೆಯ ಪುಟದಲ್ಲಿ ಬರೆದುಕೊಂಡೆ.

ಸ್ಪರ್ಧೆಗೆ ಎರಡು ದಿನ ಇರುವಾಗ ಮನೆಯ ಅಂಗಳದಲ್ಲಿ ಪರೀಕ್ಷೆ. ಫರಸಿಯ ಮೇಲೆ ರೋಬೋಟು ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಹೋಯಿತು. ಲೋಟದಲ್ಲಿ ನೀರು ಅಲುಗಲಿಲ್ಲ. ಮರಳಿಗೆ ಇಳಿಯಿತು. ಹೂತುಹೋಗಲಿಲ್ಲ. ಅಂಬಿಕಾ ಉಸಿರು ಬಿಗಿಹಿಡಿದು ನನ್ನ ತೋಳು ಹಿಡಿದಳು. ಆ ಐದು ಸೆಕೆಂಡು ನನ್ನ ಜೀವನದ ಉತ್ತಮ ಸೆಕೆಂಡುಗಳಲ್ಲಿ ಸೇರಿವೆ. ಆರನೆಯ ಸೆಕೆಂಡಿನಲ್ಲಿ, ಯಾರೋ ಕಾಣದ ಬೆರಳಿನಿಂದ ನೂಕಿದ ಹಾಗೆ ರೋಬೋಟು ಎಡಕ್ಕೆ ಸರಿಯತೊಡಗಿತು. ಮೆಲ್ಲಗೆ, ಮರ್ಯಾದೆಯಿಂದ, ದಾರ ಮುಟ್ಟುವವರೆಗೆ.

ಹನ್ನೊಂದು ಸಲ ಓಡಿಸಿದೆವು. ಹನ್ನೊಂದು ಸಲವೂ ಎಡಕ್ಕೇ, ಇಪ್ಪತ್ತು ಸೆಂಟಿಮೀಟರಿನ ಆಸುಪಾಸು. ನಾನು ಕ್ರಮಬದ್ಧವಾಗಿ ಕಾರಣ ಹುಡುಕಿದೆ. ಮರಳು ಇಳಿಜಾರಾಗಿದೆ ಎಂದು ಮಟ್ಟ ನೋಡಿ ಸಮ ಮಾಡಿದೆ. ಮರಳಿನಲ್ಲಿ ಹರಳಿವೆ ಎಂದು ಜೋಳದ ಹಿಟ್ಟಿನ ಜರಡಿಯಲ್ಲಿ ಸೋಸಿದೆ. (ಜರಡಿಯ ವಿಷಯದಲ್ಲಿ ರಾಧಿಕಾ ಆಡಿದ ಮಾತುಗಳನ್ನು ಇಲ್ಲಿ ಕೊಡುವುದಿಲ್ಲ.) ಗಾಳಿ ಬಲಗಡೆಯಿಂದ ಬೀಸುತ್ತಿದೆ ಎಂದು ಹೆಂಡತಿಯ ಸೀರೆ ಕಟ್ಟಿ ಗಾಳಿ ತಡೆದೆ. ರೋಬೋಟು ಎಡಕ್ಕೇ ಹೋಯಿತು. ನನ್ನ ಪಟ್ಟಿಯಲ್ಲಿ ಉಳಿದ ಕಾರಣ ಒಂದೇ: ಫರ್ಹೀನ ಕೂಡಿಸಿದ ಮೋಟರುಗಳು.

"ಎರಡೂ ಬಾಜೂದ ಮೋಟರ ಒಂದೇ ಸ್ಪೀಡ್ ಅವರಿ ಅಂಕಲ್. ನಾ ಮೂರು ಸಲ ಅಳದೇನಿ," ಎಂದಳು ಫರ್ಹೀನ.

"ಹಂಗಾದ್ರ ಮರಳಿಗಿ ಎಡಗಡಿ ಅಂದ್ರ ಪ್ರೀತಿ ಏನು?" ಎಂದೆ ನಾನು. ತರಗತಿಯಲ್ಲಿ ಬಳಸುವ ದನಿಯಲ್ಲೇ ಎಂದೆ.

 ಫರ್ಹೀನ ತಲೆ ತಗ್ಗಿಸಿ ಕುಳಿತು, ಸ್ಕ್ರೂಡ್ರೈವರು ತೆಗೆದುಕೊಂಡು, ಮೂರು ವಾರ ಕುಳಿತು ಕಟ್ಟಿದ್ದನ್ನು ಒಂದೊಂದೇ ಬಿಚ್ಚತೊಡಗಿದಳು. ಅಂಬಿಕಾ ನನ್ನ ತೋಳು ಬಿಟ್ಟಿದ್ದಳು. ಬಿಚ್ಚುವುದು ಬೇಡ, ಸ್ಪರ್ಧೆಯಿಂದ ಹೆಸರು ವಾಪಸು ತೆಗೆದುಕೊಳ್ಳೋಣ ಎಂದು ಗೆಳತಿಗೆ ಹೇಳಿದಳು. ನನ್ನ ಕಡೆ ನೋಡಲಿಲ್ಲ.

ಆಗ ನನ್ನ ಹಿಂದೆ, ಪರಿಚಯವೇ ಇಲ್ಲದ ಒಂದು ದನಿ ಕೇಳಿಸಿತು.

"ಮಾಸ್ತರ್ರ, ಆ ಹುಡಿಗಿದು ಏನೂ ತಪ್ಪಿಲ್ರಿ. ತಪ್ಪು ನಿಮ್ಮ ಗಾಲೀದು."

ಅತ್ತೆ ನಿಂತಿದ್ದರು. ಸೆರಗು ತಲೆಯ ಮೇಲೆ ಇತ್ತು, ಮುಖದ ಮೇಲೆ ಇರಲಿಲ್ಲ. ರಾಧಿಕಾ ಬಾಗಿಲಲ್ಲಿ ಸೌಟು ಹಿಡಿದು ಹಾಗೇ ನಿಂತಳು. ನಾನು ಶಾಲೆಗೆ ಇನ್‌ಸ್ಪೆಕ್ಟರು ಬಂದಾಗ ಏಳುವಂತೆ ಎದ್ದು ನಿಂತೆ.

ಅವರು ಚೀಲದಿಂದ ಎರಡು ಎಳೆ ಉಣ್ಣೆ ತೆಗೆದು, ಅಂಗೈಯಿಂದ ಒಮ್ಮೆ ಹೊಸೆದು, ಗೇಣುದ್ದದ ಹುರಿ ಮಾಡಿ ನನ್ನ ಕೈಗೆ ಕೊಟ್ಟರು. ಹುರಿಯ ಮೈಮೇಲೆ ನನ್ನ ಚಕ್ರದ ಕಚ್ಚಿನಂತೆಯೇ ಓರೆ ಗೆರೆಗಳಿದ್ದವು.

"ಇದು ಬಲಹುರಿ. ಈಗ ಕೆಳಗಿನ ತುದಿ ಮ್ಯಾಲ ಮಾಡ್ರಿ. ಓರೆ ಬದಲಾತೇನ್ರಿ?"

ತಿರುಗಿಸಿದೆ. ಬದಲಾಗಿರಲಿಲ್ಲ. ಮತ್ತೆ ತಿರುಗಿಸಿದೆ. ಓರೆ ಅದೇ ಕಡೆಗೆ ವಾಲಿತ್ತು. ಏಳು ಸಲ ತಿರುಗಿಸಿದೆ.

"ತಲಿಕೆಳಗ ಮಾಡಿದ್ರ ಬಲಹುರಿ ಎಡಹುರಿ ಆಗಂಗಿಲ್ಲ. ಎಡಹುರಿ ಬೇಕಂದ್ರ ಎಡಕ್ಕೇ ಹೊಸೀಬೇಕು. ನಾಕೂ ಗಾಲಿಗಿ ಒಂದೇ ಹುರಿ ಕೊಟ್ಟೀರಿ, ನಾಕೂ ಕೂಡಿ ಒಂದೇ ಕಡಿ ಎಳೀತಾವ. ಕಂಬಳಿ ಅಂಚಿಗಿ ನಾವು ಒಂದು ಬಾಜು ಬಲಹುರಿ, ಒಂದು ಬಾಜು ಎಡಹುರಿ ಹಾಕ್ತೇವಿ. ಇಲ್ಲಂದ್ರ ಕಂಬಳಿ ಸೊಟ್ಟ ಆಗ್ತದ."

ನಾನು ಹುರಿಯನ್ನು ಹಿಡಿದುಕೊಂಡೇ ಅಂಗಳದ ಕಟ್ಟೆಯ ಮೇಲೆ ಕುಳಿತೆ. ಸ್ಕ್ರೂ ಒಂದನ್ನು ಯಾವ ಕಡೆಯಿಂದ ಹಿಡಿದರೂ ಅದರ ಸುತ್ತು ಬದಲಾಗುವುದಿಲ್ಲ ಎಂದು ಇಪ್ಪತ್ತೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಪುಸ್ತಕದ ಚಿತ್ರ ಸಮೇತ. ಆದರೆ ಅದು ನನ್ನಲ್ಲಿ ಇದ್ದದ್ದು ನಾಲಿಗೆಯ ಮೇಲೆ. ಅವರಲ್ಲಿ ಹೆಬ್ಬೆರಳಿನಲ್ಲಿತ್ತು. ಚಕ್ರ ಎಡಗಡೆಯದೋ ಬಲಗಡೆಯದೋ ಎಂಬುದನ್ನು ಅವರು ನೋಡುವ ಅಗತ್ಯವೂ ಇಲ್ಲದೆ, ಒಮ್ಮೆ ಬೆರಳೆಳೆದು ತಿಳಿದಿದ್ದರು. ಆ ಗೇಣುದ್ದದ ಉಣ್ಣೆಯ ಹುರಿ ನನ್ನ ಕೈಯಲ್ಲಿ ನನ್ನ ಇಪ್ಪತ್ತಮೂರು ಪುಟಗಳಿಗಿಂತ ಭಾರವಾಗಿತ್ತು. ಇದನ್ನು ನಾನು ತೂಗಿಲ್ಲ. ಆದರೂ ಬರೆಯುತ್ತೇನೆ.

"ಅವ್ವ ಗಾಲಿ ಬಂದ ದಿವಸೇ ಹೇಳಿದ್ಳು," ಎಂದಳು ರಾಧಿಕಾ, ಸೌಟನ್ನು ನೋಡುತ್ತ.

"ಚಂದ ಆಗ್ಯಾವ ಅಂದಾರ ಅಂದಿದ್ದೆಲ್ಲ ನೀ?"

"ಅದನ್ನೂ ಅಂದಿದ್ಳು. ಮುಂದಿಂದು ನಾನೇ ಬಿಟ್ಟೆ. ಹೋದ ವರ್ಷ ನೀವು ಮಾಡಿದ ಸೂರ್ಯನ ಒಲಿಮ್ಯಾಲ ಬ್ಯಾಳಿ ಬೆಂದಿಲ್ಲಂತ ಅವ್ವ ಅಂದಿದ್ದು ನಿಮಗ ಹೇಳಿದ್ನಲ್ರಿ. ಬ್ಯಾಳಿ ಬೆಂದದ ಅಂತ ನೀವು ನಾಕು ದಿವಸ ನನಗ ಪಾಠ ಮಾಡಿದ್ರಿ. ಕಡೀಕ ಆ ಬ್ಯಾಳಿ ಉಂಡಾಕಿನೂ ನಾನೇ."

ತಂತಿಯಲ್ಲಾದ ನಷ್ಟಕ್ಕೆ ಕಾರಣ ತಂತಿಯಲ್ಲ ಎಂದು ಆಗ ತಿಳಿಯಿತು. ಕೇಳಿಸಿಕೊಳ್ಳುವ ಕಡೆ ಅಷ್ಟು ಬಿಸಿ ಇದ್ದರೆ ತಂತಿ ತಾನೇ ಏನು ಮಾಡೀತು.

ನಾನು ಎದ್ದು ಫರ್ಹೀನಳ ಹತ್ತಿರ ಹೋದೆ. ಅವಳ ಕೆಲಸ ಸರಿ ಇತ್ತು, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವಳು "ಇರ್ಲಿ ಬಿಡ್ರಿ ಅಂಕಲ್" ಎಂದು ಬಿಚ್ಚಿದ್ದ ಸ್ಕ್ರೂಗಳನ್ನೆಲ್ಲ ನನ್ನ ಅಂಗೈಗೆ ಸುರಿದಳು. ಅವಳು ಮತ್ತೆ ಕೂಡಿಸಿ ಮುಗಿಸುವವರೆಗೆ ನಾನು ಕೈ ಚಾಚಿಕೊಂಡು ನಿಂತಿದ್ದೆ. ಮಧ್ಯೆ ಕೈ ತುರಿಸಿತು. ಕೆರೆದುಕೊಳ್ಳಲಿಲ್ಲ.

ಆಮೇಲೆ ಚಾಂದ ಪಾಶಾ ಅವರಲ್ಲಿಗೆ ಓಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಹಲಗೆಯ ಮೇಲಿಂದ ಒಂದು ಕಾಗದದ ಪೊಟ್ಟಣ ಇಳಿಸಿದರು. ಒಳಗೆ ಎರಡು ಚಕ್ರ. ಓರೆ ಎಡಕ್ಕೆ.

"ನೈಲಾನ ತುಂಡು ಉಳದಿತ್ರಿ ಸರ್. ನೀವು ಬರ್ತೀರಿ ಅಂತ ಮಾಡಿ ಇಟ್ಟೇನಿ."

ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಕೇಳಿದ್ನಲ್ರಿ ಸರ್," ಎಂದರು ಅವರು. ಅಷ್ಟೇ ಎಂದರು.

ಸ್ಪರ್ಧೆಯ ದಿನ ನಮ್ಮ ಹಳೆಯ ವ್ಯಾನಿನಲ್ಲಿ ರೋಬೋಟು, ಇಬ್ಬರು ಹುಡುಗಿಯರು, ರಾಧಿಕಾ ಮತ್ತು ಅತ್ತೆಯನ್ನು ಕೂಡಿಸಿಕೊಂಡು ಬೀದರಕ್ಕೆ ಹೋದೆ. ದಾರಿಯುದ್ದಕ್ಕೂ ಅತ್ತೆ ನನಗೆ ನೇರವಾಗಿಯೇ ಗುಂಡಿಗಳನ್ನು ತೋರಿಸಿಕೊಟ್ಟರು. ಮೈದಾನದಲ್ಲಿ ಮೂವತ್ತೊಂದು ತಂಡಗಳಿದ್ದವು. ನಮ್ಮ ಮಕ್ಕಳ ಸರದಿ ಬಂದಾಗ ನಾನು ನೋಡಲಾರದೆ ಗಡಿಯಾರ ನೋಡುತ್ತಿದ್ದೆ. ಆಮೇಲೆ ನೋಡಿದೆ. ರೋಬೋಟು ಮರಳಿನಲ್ಲಿ ಇಳಿದು, ಎರಡು ದಾರಗಳ ನಡುವೆ, ಎರಡಕ್ಕೂ ಸಮದೂರದಲ್ಲಿ, ಯಾರೂ ಹಿಡಿದು ನಡೆಸದೆ, ತುಂಬಿದ ಲೋಟ ಹೊತ್ತು ನಡೆಯುತ್ತಿತ್ತು. ಬಲಗಡೆಯ ಚಕ್ರಗಳು ಎಳೆದದ್ದನ್ನು ಎಡಗಡೆಯವು ಸರಿದೂಗಿಸುತ್ತಿದ್ದವು. ಮರಳಿನ ಮೇಲೆ ಉಳಿದ ಗುರುತು ಹೆಣೆದ ಜಡೆಯ ಹಾಗಿತ್ತು. ನನಗೆ ಅಳತೆ ಮಾಡಬೇಕೆನಿಸಲಿಲ್ಲ. ಏರು ಹತ್ತಿ ನಿಂತಾಗ ಅಂಬಿಕಾ ಮತ್ತು ಫರ್ಹೀನ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಲ್ಲೇ ಮರಳಿನಲ್ಲಿ ಕುಳಿತುಬಿಟ್ಟರು.

ಎರಡನೆಯ ಸ್ಥಾನ. ಕಲಬುರಗಿಯ ಮುಂದಿನ ಸುತ್ತಿಗೆ ಆಯ್ಕೆ.

ಬಹುಮಾನದ ಹೊತ್ತಿಗೆ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಅಂಬಿಕಾ ಮತ್ತು ಫರ್ಹೀನ ತಂಡದ ಅಶೋಕಕುಮಾರ ಅವರು ಕೂಡಲೇ ವೇದಿಕೆಯ ಹತ್ತಿರ ಬರಬೇಕು. ನಾನು ಅಂಗಿ ಸರಿಮಾಡಿಕೊಂಡೆ. ತಪ್ಪಿನಿಂದ ಕಲಿಯುವುದೇ ವಿಜ್ಞಾನ ಎಂದು ಆರಂಭವಾಗುವ ನಾಲ್ಕು ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಮೆಟ್ಟಿಲು ಹತ್ತಿ, ಮುಖ್ಯ ಅತಿಥಿಗಳಿಗೆ ನಮಸ್ಕರಿಸಿದೆ. ಸಂಘಟಕರು ಅಂಬಿಕಾ ತುಂಬಿದ್ದ ಫಾರಮು ತೋರಿಸಿದರು. 'ತಾಂತ್ರಿಕ ಸಲಹೆ' ಎಂಬಲ್ಲಿ ಜನಾಬಾಯಿ, ಎಕಂಬಾ ಎಂದಿತ್ತು. ನನ್ನ ಹೆಸರು ಅದರ ಕೆಳಗೆ, 'ವಾಹನ ವ್ಯವಸ್ಥೆ' ಎಂಬಲ್ಲಿತ್ತು. ನನ್ನ ವ್ಯಾನು ಗೇಟಿಗೆ ಅಡ್ಡ ನಿಂತಿದೆಯಂತೆ, ಅತಿಥಿಗಳ ಕಾರು ಹೊರಡಬೇಕಂತೆ, ಬೇಗ ತೆಗೀರಿ ಅಂದರು.

ವ್ಯಾನನ್ನು ಹಿಂದಕ್ಕೆ ತೆಗೆಯುತ್ತಿರುವಾಗ ಮೈದಾನದಲ್ಲಿ ಚಪ್ಪಾಳೆ ಎದ್ದಿತು. ನಾನು ಇಂಜಿನ್ನು ನಿಲ್ಲಿಸಿ ತಲೆ ಹೊರಗೆ ಹಾಕಿದೆ. ದೂರದ ವೇದಿಕೆಯ ಮೇಲೆ, ಇಬ್ಬರು ಹುಡುಗಿಯರ ನಡುವೆ ಅತ್ತೆ ನಿಂತಿದ್ದರು. ಒಂದು ಚಕ್ರವನ್ನು ಎತ್ತಿಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಅದರ ಓರೆಯನ್ನು ತೋರಿಸುತ್ತ ಮೈಕಿನಲ್ಲಿ ಏನೋ ಹೇಳುತ್ತಿದ್ದರು. ತೀರ್ಪುಗಾರರು ಕುರ್ಚಿ ಬಿಟ್ಟು ಎದ್ದು ಹತ್ತಿರ ಬಂದು, ಬಗ್ಗಿ ನೋಡುತ್ತಿದ್ದರು. ಸಾವಿರ ಜನ ಸುಮ್ಮನೆ ಕೇಳುತ್ತಿದ್ದರು.

ಗೇಟಿನ ಕಾವಲುಗಾರನೂ ಕತ್ತು ಚಾಚಿ ನೋಡುತ್ತಿದ್ದ. "ಆ ಆಯಿ ಯಾರ್ರಿ? ಭಾರಿ ಹೇಳ್ಲಿಕತ್ತಾರ."

"ನಮ್ಮ ಅತ್ತಿಯವರು," ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು.

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಹೌದೇನ್ರಿ. ಹಂಗಾದ್ರ ನೀವು ಏನು ಮಾಡ್ತೀರಿ?"

"ಅವರ ಗಾಡಿ ಓಡಸ್ತೇನಿ," ಎಂದೆ.