ಸೆರಗಿನ ಗುಂಗಾಡಿ

ಕಚ್ಚುವ ಪ್ರಾಣಿಗಳ ಮೇಲೆ ನನಗೆ ದೂರಿಲ್ಲ. ನಾಯಿ ಕಚ್ಚಿದರೆ ಸೂಜಿ ಇದೆ, ಚೇಳು ಕಚ್ಚಿದರೆ ಆಸ್ಪತ್ರೆ ಇದೆ, ಸೊಳ್ಳೆ ಕಚ್ಚಿದರೆ ಬೈಯುವುದಕ್ಕೆ ಪುರಸಭೆ ಇದೆ. ಕಚ್ಚದೇ ಇರುವ ಪ್ರಾಣಿಯಿಂದ ಬರುವ ಅಪಾಯಕ್ಕೆ ಮಾತ್ರ ಯಾರೂ ಔಷಧಿ ಕಂಡುಹಿಡಿದಿಲ್ಲ. ನನ್ನ ಮಗಳ ನಿಶ್ಚಯ ಅಂಥದೊಂದು ಪ್ರಾಣಿಯಿಂದ ಮುರಿದುಬೀಳುವುದು ಸ್ವಲ್ಪದರಲ್ಲೇ ತಪ್ಪಿತು. ಬೀಗರು ಹೋಗಿ ಎಷ್ಟೋ ದಿನಗಳಾದವು. ಈಗಲೂ ಶೇಂಗಾ ಹೋಳಿಗೆಯ ವಾಸನೆ ಬಂದರೆ ಸಾಕು, ನನ್ನ ಎದೆ ಡವಡವ ಎನ್ನುತ್ತದೆ. ಹೋಳಿಗೆಗೂ ಹುಳಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ನಮ್ಮವರಿಂದಲೇ ಶುರುಮಾಡಬೇಕು. ನಮ್ಮ ಮನೆಯಲ್ಲಿ ಯಾವ ಅನಾಹುತವನ್ನು ಹೇಳಹೊರಟರೂ ಅಲ್ಲಿಂದಲೇ ಶುರುಮಾಡಬೇಕಾಗುತ್ತದೆ.

ನಮ್ಮವರು ಸವದತ್ತಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರೆ. ನಾವಿರುವುದು ಮುನವಳ್ಳಿಯಲ್ಲಿ. ಮಲಪ್ರಭೆಯ ಆಣೆಕಟ್ಟಿನ ನೀರು ನಮ್ಮ ಊರಿಗೆ ಹತ್ತಿರ. ಆ ನೀರಿನಿಂದ ಪಕ್ಕದ ಹೊಲಗಳಿಗೆ ಕಬ್ಬು ಬಂತು, ಪೇಟೆಗೆ ವ್ಯಾಪಾರ ಬಂತು, ನಮ್ಮ ಮನೆಗೆ ಗುಂಗಾಡಿ ಬಂತು. ನಮ್ಮ ಕಡೆ ಸೊಳ್ಳೆಗೆ ಗುಂಗಾಡಿ ಎನ್ನುತ್ತಾರೆ. ನಮ್ಮ ಮನೆಗೆ ಬಂದ ಈ ಗುಂಗಾಡಿ ಸೊಳ್ಳೆಯಂತೆಯೇ ಕಾಣುತ್ತದೆ, ಆದರೆ ಸೊಳ್ಳೆಯಲ್ಲ. ವಾರಗಟ್ಟಲೆ ನೀರಿನ ತಳದ ಕೆಸರಿನಲ್ಲಿ ಕೆಂಪು ಎಳೆಹುಳವಾಗಿ ಬಿದ್ದಿರುತ್ತದೆ. ರೆಕ್ಕೆ ಬಂದಮೇಲೆ ಸಂಜೆ ದೀಪ ಹಚ್ಚಿದ ಕೂಡಲೇ ಸಾವಿರಗಟ್ಟಲೆ ಬಂದು ಗೋಡೆಗೆ ಮೆತ್ತಿಕೊಳ್ಳುತ್ತದೆ. ಕಚ್ಚುವುದಿಲ್ಲ, ಹೆಚ್ಚುಕಡಿಮೆ ಏನನ್ನೂ ತಿನ್ನುವುದಿಲ್ಲ. ಮುಂಗಾಲುಗಳನ್ನು ಎತ್ತಿ ಹಿಡಿದುಕೊಂಡು, ತರಗತಿಯಲ್ಲಿ ಉತ್ತರ ಗೊತ್ತಿಲ್ಲದಿದ್ದರೂ ಕೈ ಎತ್ತುವ ಹುಡುಗರ ಹಾಗೆ ಕೂತಿರುತ್ತದೆ. ಕೆಲವೇ ದಿನಗಳಲ್ಲಿ ಜೋಡಿಯಾಗಿ, ಮೊಟ್ಟೆ ಇಟ್ಟು, ನಮ್ಮ ಸಾರಿನ ಪಾತ್ರೆಯಲ್ಲಿ ಬಿದ್ದು ಸಾಯುತ್ತದೆ. ಇಷ್ಟೇ ಅದರ ಚರಿತ್ರೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಇಷ್ಟು ನಿಷ್ಪ್ರಯೋಜಕವಾದ ಬಾಳನ್ನು ಯಾವ ರಾಜವಂಶದಲ್ಲೂ ನೋಡಿಲ್ಲ.

ಈ ಹುಳದ ಮೇಲೆ ನಮ್ಮವರಿಗೆ ಪ್ರಾಣ. ಇದು ಇನ್ನೂ ಯಾರೂ ಹೆಸರಿಡದ ಜಾತಿ ಎಂಬ ಗುಮಾನಿ ಅವರಿಗೆ. ನನ್ನ ಒಳ್ಳೆಯ ಬಿಳಿ ಚಾದರವನ್ನು ಹಿತ್ತಲಲ್ಲಿ ಕಟ್ಟಿ, ಮುಂದೆ ದೀಪವಿಟ್ಟು, ಬಂದು ಕೂತ ಹುಳಗಳನ್ನು ಒಂದೊಂದಾಗಿ ಸ್ಪಿರಿಟ್ಟಿನ ಬಾಟಲಿಗೆ ಇಳಿಸುತ್ತಾರೆ. ಆಮೇಲೆ ಪೊಟ್ಯಾಶಿನಲ್ಲಿ ನೆನೆಹಾಕಿ ಮಾಂಸವನ್ನೆಲ್ಲ ಕರಗಿಸಿ, ಉಳಿದ ಸಿಪ್ಪೆಯನ್ನು ಗಾಜಿನ ಮೇಲೆ ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂರುತ್ತಾರೆ. ಅದೂ ಗಂಡುಹುಳವೇ ಬೇಕು. "ಹೆಣ್ಣೆಲ್ಲಾ ಒಂದ ಥರಾ ಕಾಣತಾವು. ಗಂಡಿಂದು ಹಿಂಭಾಗ ನೋಡಿದ್ರನ ಯಾವ ಜಾತಿ ಅಂತ ಗೊತ್ತಾಗೂದು. ನೋಡ ಬಾ ಇಲ್ಲಿ, ಎಷ್ಟ ಚಂದ ಐತಿ," ಎಂದು ಒಮ್ಮೆ ನನ್ನನ್ನು ಕರೆದರು. ಗುಂಗಾಡಿಯ ಹಿಂಭಾಗದ ಸೌಂದರ್ಯ ನೋಡಲು ಹೆಂಡತಿಯನ್ನು ಕರೆಯುವ ಗಂಡ ಇಡೀ ತಾಲೂಕಿನಲ್ಲಿ ಬೇರೆ ಯಾರಿದ್ದಾನೆ? "ನನಗ ಮುಂಭಾಗ ನೋಡಾಕ ಪುರಸೊತ್ತಿಲ್ಲ," ಎಂದು ಒಲೆಯ ಕಡೆ ಹೋದೆ. ಅಂದಿನಿಂದ ಅವರ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಅವರೇನು ಕಡಿಮೆಯೇ? ಮದುವೆಯಾದಾಗಿನಿಂದ ನಾನು ಯಾವ ಸೀರೆ ಉಟ್ಟಿದ್ದೇನೆ ಎಂದು ಒಮ್ಮೆಯೂ ತಲೆ ಎತ್ತಿ ನೋಡಿದವರಲ್ಲ. ನಮ್ಮ ಸಂಸಾರ ಹೀಗೆ ಒಬ್ಬರದನ್ನೊಬ್ಬರು ನೋಡದೆ ಶಾಂತವಾಗಿ ನಡೆದಿತ್ತು.

ನಮ್ಮವರ ಇನ್ನೊಂದು ಗುಣವನ್ನೂ ಹೇಳಿಬಿಡುತ್ತೇನೆ. ಮನೆಯ ವಿಷಯದಲ್ಲಿ ಸಣ್ಣಪುಟ್ಟ ಸುಳ್ಳು ಹೇಳುತ್ತಾರೆ. ಹುಳದ ವಿಷಯದಲ್ಲಿ ಪ್ರಾಣ ಹೋದರೂ ಹೇಳುವುದಿಲ್ಲ. ಒಮ್ಮೆ ಓಣಿಯ ಜನ ಗಲಾಟೆ ಮಾಡಿ ಹೊಗೆಯ ಮಷೀನು ತರಿಸಿದರು. ಇವರು ಅದರ ಮುಂದೆ ಕೈ ಅಡ್ಡ ಹಿಡಿದು ನಿಂತು, "ಇವು ರೋಗ ತರೂದಿಲ್ರಿ, ಕಚ್ಚೂದನ ಇಲ್ಲ," ಎಂದು ಪಾಠ ಮಾಡಿ ಅದನ್ನು ವಾಪಸು ಕಳಿಸಿದರು. ಎದುರುಮನೆಯ ಕಾಂತವ್ವ ಕಟ್ಟೆಯ ಮೇಲಿಂದಲೇ ಕೇಳಿದಳು: "ಕಚ್ಚೂದಿಲ್ಲಂತ ಹಾಲಾಗ ಬಿದ್ರ ಹಂಗ ಕುಡಿಯೂಣೇನ್ರಿ ಸರ?" ಇವರು ಬಹಳ ಗಂಭೀರವಾಗಿ, "ಸೋಸಿ ಕುಡೀರಿ," ಎಂದರು. ಅಂದಿನಿಂದ ಕಾಂತವ್ವ ನಮ್ಮ ಮನೆಗೆ ಹೆಪ್ಪಿಗೆ ಮೊಸರು ಕೊಡುವುದನ್ನು ನಿಲ್ಲಿಸಿದ್ದಾಳೆ.

ಇನ್ನು ನಮ್ಮ ಅತ್ತೆ. ಅವರಿಗೆ ಕಸೂತಿಯ ಹುಚ್ಚು. ಮಗನಿಗೆ ಹುಳ, ತಾಯಿಗೆ ಸೂಜಿ. ಅಡುಗೆಗೆ ಮಾತ್ರ ನಾನೊಬ್ಬಳೇ. ಗೋಪುರ, ರಥ, ಆನೆ, ತುಳಸಿಕಟ್ಟೆ, ನವಿಲು ಎಲ್ಲವನ್ನೂ ಚೌಕಳಿಯ ಗ್ರಾಫ್ ಹಾಳೆಯಲ್ಲಿ ಮೊದಲು ಬರೆದುಕೊಂಡು, ಎಳೆ ಎಣಿಸಿ ಬಟ್ಟೆಗೆ ಇಳಿಸುತ್ತಾರೆ. ಗಂಟು ಹಾಕುವುದಿಲ್ಲ, ಮೇಲೆ ಕಂಡ ಹಾಗೆಯೇ ಕೆಳಗೂ ಕಾಣಬೇಕು. ಮೊಮ್ಮಗಳು ಸುಮಾಳ ನಿಶ್ಚಯಕ್ಕೆಂದು ಹಸಿರು ಇಳಕಲ್ ಸೀರೆಯ ಸೆರಗಿಗೆ ಅವರು ಹೊಸದೊಂದು ಚಿತ್ತಾರ ಹಾಕತೊಡಗಿದರು. ನಡುವೆ ಕಳಸದಂಥ ಒಂದು ಮೊನೆ, ಎರಡೂ ಕಡೆ ಕತ್ತು ಬಾಗಿಸಿ ಎದುರುಬದುರು ನಿಂತ ನವಿಲು, ಕತ್ತಿನ ಒಳಗಡೆ ಸಾಲಾಗಿ ಪುಟ್ಟಪುಟ್ಟ ಗರಿ. ತಿಂಗಳುಗಟ್ಟಲೆ ಪಡಸಾಲೆಯಲ್ಲಿ ನನ್ನ ಕಣ್ಣೆದುರೇ ಹೆಣೆದರು. "ಎಲ್ಲಿಂದ ತಂದ್ರಿ ಅತ್ತಿ, ಇಂಥಾ ನವಲ ನಾ ನೋಡೇ ಇಲ್ಲ," ಎಂದು ನಾನೇ ಹೊಗಳಿದೆ. "ಟೇಬಲ್ ಮ್ಯಾಲ ಹಾಳಿ ಬಿದ್ದಿತ್ತವಾ. ಈರಣ್ಣ ಬರದಾನ. ಸಣ್ಣಂವ ಇದ್ದಾಗಿಂದ ಅವನ ಕೈ ಭಾಳ ಚೊಲೊ," ಎಂದರು. ಒಮ್ಮೆಯಾದರೂ ಗಂಡ ಮನೆಗೆ ಉಪಯೋಗವಾಗುವ ಕೆಲಸ ಮಾಡಿದರಲ್ಲ ಎಂದು ನಾನು ಸಂತೋಷಪಟ್ಟೆ. ಗ್ರಾಫ್ ಹಾಳೆಯನ್ನು ಬಳಸುವವರು ಕಸೂತಿಯವರು ಮಾತ್ರವಲ್ಲ ಎನ್ನುವುದು ಎಂ.ಎ. ಓದಿದ ನನಗೂ ಹೊಳೆಯಲಿಲ್ಲ.

ಬೀಗರು ರಾಮದುರ್ಗ ತಾಲೂಕಿನ ಸುರೇಬಾನದವರು. ಹುಡುಗ ಮಹಾಂತೇಶನಿಗೆ ಬೀಜ ಗೊಬ್ಬರದ ಅಂಗಡಿ. ನಮ್ಮ ಸುಮಾ ಬೈಲಹೊಂಗಲದಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಮಗಳು ಫೋನು ಬಂದಾಗಲೆಲ್ಲ ಹಿತ್ತಲಿಗೆ ಓಡುವುದನ್ನು ನೋಡಿದ್ದ ನನಗೆ ಈ ಸಂಬಂಧ ತಪ್ಪಬಾರದು ಎಂಬ ಒಂದೇ ಚಿಂತೆ. ಹೆದರಿಕೆಯೆಲ್ಲ ಹುಡುಗನ ಅಜ್ಜಿ ನೀಲಮ್ಮನವರದು. ಆ ಮನೆಯಲ್ಲಿ ಅವರ ಮಾತೇ ಕೊನೆ. ಈ ಹಿಂದೆ ಕುದುರುತ್ತಿದ್ದ ಒಂದು ಸಂಬಂಧವನ್ನು ಅವರು ಮಾತುಕತೆಯ ನಡುವೆಯೇ ಬಿಟ್ಟು ಎದ್ದು ಬಂದಿದ್ದರು. ಹುಡುಗಿಯ ಸೋದರಮಾವ ಕೂತಲ್ಲಿ ಕಾಲು ಅಲ್ಲಾಡಿಸುತ್ತಿದ್ದನಂತೆ. ಅಂಥ ಮನೆಯ ಹುಡುಗಿ ಒಂದು ಕಡೆ ನಿಲ್ಲುವುದಿಲ್ಲವಂತೆ. ಕಾಲು ಅಲ್ಲಾಡಿಸಿದ್ದಕ್ಕೇ ಹೀಗಾದರೆ ಉಳಿದದ್ದಕ್ಕೆ ಏನಾದೀತು, ನೀವೇ ಯೋಚಿಸಿ. ಸಾಲದ್ದಕ್ಕೆ ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು. ಹೊಸ ಕಣ್ಣು ಬಂದ ಉತ್ಸಾಹದಲ್ಲಿ ಕಂಡದ್ದನ್ನೆಲ್ಲ "ಇದೇನು, ಅದೇನು" ಎಂದು ಕೇಳುತ್ತಿದ್ದರು.

ನಿಶ್ಚಯದ ದಿನ ಬೆಳಿಗ್ಗೆ ಬೀಗರ ಚೀಲಗಳನ್ನಿಡಲು ಜಾಗ ಬೇಕೆಂದು ನಾನು ನಮ್ಮವರ ಕೋಣೆಗೆ ನುಗ್ಗಿದೆ. ಬಾಟಲಿಗಳನ್ನು ಮಂಚದ ಕೆಳಗೆ ದೂಡಿ, ಗೋಡೆ ಕಡೆ ತಿರುಗಿದವಳು ಹಾಗೆಯೇ ನಿಂತುಬಿಟ್ಟೆ. ಗೋಡೆಗೆ ತೂಗುಹಾಕಿದ ದೊಡ್ಡ ಹಾಳೆಯ ಮೇಲೆ ಅತ್ತೆಯ ನವಿಲು! ಅದೇ ಕಳಸ, ಅದೇ ಬಾಗಿದ ಕತ್ತು, ಅದೇ ಸಾಲು ಗರಿ. ಆದರೆ ಕಳಸದಿಂದ ಒಂದು ಗೆರೆ ಎಳೆದು 'ಗುದದ ಮೊನೆ' ಎಂದು ಬರೆದಿತ್ತು. ಕತ್ತಿನಿಂದ ಇನ್ನೊಂದು ಗೆರೆ ಎಳೆದು 'ಹೆಣ್ಣನ್ನು ಹಿಡಿಯುವ ಚಿಮ್ಮಟ' ಎಂದಿತ್ತು. ಗರಿಗಳ ಪಕ್ಕದಲ್ಲಿ 'ಕೂದಲು' ಎಂದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ಗಂಡಿನ ಜನನಾಂಗ, ಮೇಲಿನಿಂದ ನೋಡಿದಾಗ' ಎಂದಿತ್ತು. ಕಾಲೇಜಿನ ಮಕ್ಕಳಿಗೆ ತಿಳಿಯಲೆಂದು ಕನ್ನಡದಲ್ಲೇ ಬರೆದಿದ್ದರು. ಕನ್ನಡದ ಸೇವೆ ಮಾಡಲು ಇವರಿಗೆ ಬೇರೆ ಜಾಗವೇ ಸಿಗಲಿಲ್ಲವೇ?

ಅಷ್ಟರಲ್ಲಿ ಹೊರಗೆ, "ಬರ್ರಿ, ಬರ್ರಿ, ಕೂಡ್ರಿ," ಎಂಬ ಸಡಗರ ಕೇಳಿಸಿತು. ಬೀಗರು ಬಂದಿದ್ದರು. ಓಡಿಬಂದು ನೋಡುತ್ತೇನೆ, ಸುಮಾ ಆ ಸೀರೆಯನ್ನೇ ಉಟ್ಟು, ತಲೆ ತಗ್ಗಿಸಿ ಮಣೆಯ ಮೇಲೆ ಕೂತಿದ್ದಾಳೆ. ಸೀರೆ ಬದಲಿಸು ಎಂದು ಸನ್ನೆ ಮಾಡಿದರೆ, ಹಣೆಯ ಕುಂಕುಮ ಸರಿಯಿಲ್ಲವೇನೋ ಎಂದು ಹಣೆ ಮುಟ್ಟಿಕೊಂಡಳು. ಅತ್ತೆಗೆ ಹೇಳೋಣವೆಂದರೆ ಅವರು ಮಗನ ಕೈಚಳಕದ ಬಗ್ಗೆ ಆಗಲೇ ಬೀಗರಿಗೆ ಹೇಳತೊಡಗಿದ್ದರು.

ಉಡಿ ತುಂಬುವ ಹೊತ್ತು ಬಂತು. ಉಡಿ ತುಂಬುವುದೆಂದರೆ ನಿಮಗೆ ಗೊತ್ತಲ್ಲ, ಹುಡುಗಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರೆದುರು ಒಡ್ಡಬೇಕು. ಸುಮಾ ಒಡ್ಡಿದಳು. ತಿಂಗಳುಗಟ್ಟಲೆಯ ಕಸೂತಿ ಬೀಗರ ಮುಂದೆ ಅಂಗೈಯಷ್ಟು ಅಗಲಕ್ಕೆ ಸಾಲುಸಾಲಾಗಿ ಹರಡಿತು. ನೀಲಮ್ಮನವರು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಿಡಿದು ಬಗ್ಗಿದವರು, ಹಾಕದೆ ಹಾಗೇ ನಿಂತರು.

"ಯವ್ವಾ, ಇದೇನ ಹೆಣದೀರಿ ಸೆರಗಿನ್ಯಾಗ? ಇಂಥಾದ್ದ ನಾ ಎಲ್ಲೂ ಕಂಡಿಲ್ಲ."

"ನವಲ ರೀ," ಎಂದರು ಅತ್ತೆ ಹಿಗ್ಗಿನಿಂದ. "ನಮ್ಮ ಈರಣ್ಣನ ಬರದು ಕೊಟ್ಟಾನ."

ಎಲ್ಲರೂ ನಮ್ಮವರ ಕಡೆ ತಿರುಗಿದರು. ನಮ್ಮವರು ಕನ್ನಡಕ ಹಾಕಿಕೊಂಡು ಎದ್ದು ಬಂದರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಸೀರೆಯನ್ನು ಕಣ್ಣಿಟ್ಟು ನೋಡಿದರು. ನೋಡುತ್ತಿದ್ದಂತೆ ಅವರ ಮುಖ ಅರಳಿತು. ಆ ಅರಳಿದ ಮುಖವನ್ನು ನೆನೆದರೆ ನನಗೆ ಈಗಲೂ ಬೆವರು ಬರುತ್ತದೆ.

"ಅವ್ವಾ, ಇದು ನವಲ ಅಲ್ಲಬೇ! ಇದು ನನ್ನ ಗುಂಗಾಡೀದು..."

ಬಾಯಿ ಸಿಹಿ ಮಾಡಲೆಂದು ತಂದ ಶೇಂಗಾ ಹೋಳಿಗೆಯ ತಟ್ಟೆ ನನ್ನ ಕೈಯಲ್ಲಿತ್ತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಒಂದು ಹೋಳಿಗೆಯನ್ನು ಮಡಚಿ ಅವರ ಬಾಯಿಗೆ ತುರುಕಿದೆ. "ಮೊದಲ ಬಾಯಿ ಸಿಹಿ ಮಾಡ್ಕೊಳ್ರಿ," ಎಂದೆ. ಹಿರಿಯರೆದುರು ಗಂಡನ ಹೆಸರನ್ನೂ ಹೇಳದ ಮನೆತನ ನಮ್ಮದು. ಒಣ ಶೇಂಗಾಪುಡಿ ಗಂಟಲಿಗೆ ಸಿಕ್ಕಿ ನಮ್ಮವರು ಕೆಮ್ಮತೊಡಗಿದರು. ಕೆಮ್ಮು ನಿಲ್ಲಲಿಲ್ಲ. ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು ಬಂತು. ಹುಡುಗನ ಅಪ್ಪ ಬೆನ್ನಿಗೆ ಗುದ್ದಿದರು. ಮಗಳ ನಿಶ್ಚಯ ಉಳಿಸಲು ಹೋಗಿ ಮಗಳ ಅಪ್ಪನನ್ನೇ ಕಳೆದುಕೊಂಡೆನೇ ಎಂದು ನೀರಿನ ತಂಬಿಗೆ ತಂದು ಅವರ ಕೈಗಿಟ್ಟೆ. ಸುಮಾ ಮಾತ್ರ ಸೆರಗು ಒಡ್ಡಿದವಳು ಒಡ್ಡಿದಂತೆಯೇ, "ಅಪ್ಪಾ, ನೀರ ಕುಡಿ," ಎಂದು ಅಳುದನಿಯಲ್ಲಿ ಹೇಳುತ್ತಿದ್ದಳು.

ಕಡೆಗೂ ಉಸಿರು ಬಂತು. ಜನ ಈ ಗಡಿಬಿಡಿಯಲ್ಲಿ ಸೆರಗನ್ನು ಮರೆತಿದ್ದರು. ನೀಲಮ್ಮನವರು ಮರೆತಿರಲಿಲ್ಲ. ಆಪರೇಷನ್ ಮಾಡಿದ ಆ ಡಾಕ್ಟರನ್ನು ನಾನು ಮನಸ್ಸಿನಲ್ಲೇ ಶಪಿಸಿದೆ.

"ಏನೋ ಹೇಳಾಕ ಹತ್ತಿದ್ರೆಲ್ಲ ಬೀಗರ? ನವಲಲ್ಲಂದ್ರ ಮತ್ತೇನದು?"

ನಮ್ಮವರು ನೀರಿನ ತಂಬಿಗೆ ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಇನ್ನೊಂದು ಹೋಳಿಗೆ ಕೈಯಲ್ಲಿ ಸಿದ್ಧವಾಗಿತ್ತು.

"ಹೊಳಿ ದಂಡಿ ಮ್ಯಾಲಿಂದು ಒಂದು ಹುಳಾ ರೀ," ಎಂದರು ಮೆಲ್ಲಗೆ. "ನಾನ ಹುಡಿಕೀನಿ. ಯಾರಿಗೂ ಕಚ್ಚೂದಿಲ್ಲ. ಉಣ್ಣಾಕೂ ಬೇಡೂದಿಲ್ಲ."

"ಕಚ್ಚೂದಿಲ್ಲಾ?" ನೀಲಮ್ಮನವರು ತಮ್ಮ ಸೊಸೆಯ ಕಡೆ ಒಮ್ಮೆ ಓರೆಯಾಗಿ ನೋಡಿದರು. "ಅಂಥಾಕಿ ಒಬ್ಬಾಕಿ ನಮ್ಮ ಮನಿಗೆ ಬೇಕಾಗಿತ್ತವಾ."

ಎಲ್ಲರೂ ನಕ್ಕರು. ಸೊಸೆಯೂ ಹಲ್ಲು ಕಚ್ಚಿಕೊಂಡು ನಕ್ಕರು. ನಾನು ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಮುದುಕಿ ಮತ್ತೆ ಬಗ್ಗಿ ಚಿತ್ತಾರದ ಮೇಲೆ ಬೆರಳಿಟ್ಟಿತು. "ಮತ್ತ ಇದು ಅದರ ಮಾರೀ ಏನ್ರಿ?"

ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. ಹುಳದ ವಿಷಯದಲ್ಲಿ ಸುಳ್ಳು ಹೇಳದವರು ನಮ್ಮವರು. ನನ್ನ ಕೈಯಲ್ಲಿದ್ದ ಹೋಳಿಗೆಯ ಮೇಲೆ ಅವರ ಕಣ್ಣು ಬಿತ್ತು. ಮಗಳ ಮುಖದ ಮೇಲೂ ಬಿತ್ತು.

"ಇದನ್ನ ನೋಡಿದ್ರನ ಅದರ ಗುರ್ತ ಹತ್ತೂದ್ರಿ," ಎಂದರು.

"ಅಂದ್ರ ಮಾರೀನ," ಎಂದು ತೀರ್ಮಾನ ಕೊಟ್ಟು ನೀಲಮ್ಮನವರು ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ ಎಲ್ಲ ಅದರ ಮೇಲೆಯೇ ಬಿದ್ದು ಅದನ್ನು ಮುಚ್ಚಿದವು. ಅಕ್ಕಿಯನ್ನು ಅಷ್ಟು ಪ್ರೀತಿಯಿಂದ ನಾನು ಹಿಂದೆಂದೂ ನೋಡಿರಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಅದು ನನ್ನ ದಡ್ಡತನ. ನೀಲಮ್ಮನವರಿಗೆ ಆ 'ಮಾರಿ' ಬಹಳ ಮೆಚ್ಚುಗೆಯಾಗಿದೆ. ಮದುವೆಗೆ ತಮ್ಮ ಸೀರೆಗೂ ಅದೇ ಬೇಕಂತೆ, ಮಗಳಂದಿರಿಗೂ ಅದೇ ಬೇಕಂತೆ. ಸುರೇಬಾನದಿಂದ ದಿನಾ ಫೋನು. ಸವದತ್ತಿಯ ಬಟ್ಟೆ ಅಂಗಡಿಯವನೂ ಕೇಳಿಕೊಂಡು ಬಂದಿದ್ದ. ಅತ್ತೆಗೆ ನಿಜ ಹೇಳುವ ಧೈರ್ಯ ನನಗಿಲ್ಲ, ಹೇಳಬೇಕೆಂಬ ಯೋಚನೆ ನಮ್ಮವರಿಗಿಲ್ಲ. ಅವರ ಚಿಂತೆಯೇ ಬೇರೆ. ಬೀಗರು ಹೋದಮೇಲೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, "ಬಲಗಡೆ ಒಂದು ಕೂದಲ ಕಮ್ಮಿ ಹಾಕ್ಯಾಳ ಅವ್ವ. ಹಿಂಗಾದ್ರ ಅದು ಬ್ಯಾರೇ ಜಾತಿ ಆಗತೈತಿ," ಎಂದು ಕೊರಗಿದರು. ಅತ್ತೆ ಒಪ್ಪಲಿಲ್ಲ. ತಾಯಿ ಮಗನ ಜಗಳ ಬಿಡಿಸಲು ಬೇರೆ ದಾರಿ ಕಾಣದೆ ನಾನೇ ಆ ಕೋಣೆಗೆ ಹೋಗಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಒಂದು ಗುಂಗಾಡಿಯ ಹಿಂಭಾಗದ ಕೂದಲನ್ನು ಎಣಿಸಿಬಂದೆ. ಅತ್ತೆಯದೇ ತಪ್ಪು. ನಾನು ಓದಿದ ಇತಿಹಾಸ ಕಡೆಗೂ ಇಲ್ಲಿಗೆ ಬಂದು ಮುಟ್ಟಿತು.

ಮದುವೆಗೆ ನನ್ನ ಸೀರೆಯ ಸೆರಗಿಗೂ ಅತ್ತೆ ಅದನ್ನೇ ಹಾಕುತ್ತಿದ್ದಾರೆ, ಈ ಸಲ ಕೂದಲು ಸರಿಯಾಗಿ ಎಣಿಸಿ. ಬೇಡ ಎನ್ನಲಾಗಲಿಲ್ಲ. ಅಂದು ಇಡೀ ಮಂಟಪದಲ್ಲಿ ನಮ್ಮವರು ನನ್ನ ಸೆರಗಿನಿಂದ ಕಣ್ಣು ಕೀಳುವುದಿಲ್ಲ, ಅದು ಖಂಡಿತ. ಈ ವಯಸ್ಸಿನಲ್ಲೂ ಹೆಂಡತಿಯ ಮೇಲೆ ಎಷ್ಟು ಪ್ರೀತಿ ನೋಡು ಎಂದು ಜನ ಮಾತಾಡಿಕೊಳ್ಳುತ್ತಾರೆ. ಅವರು ನೋಡುತ್ತಿರುವುದು ಏನನ್ನು ಎಂದು ಗೊತ್ತಿರುವವಳು ನಾನೊಬ್ಬಳೇ. ಆದರೂ ಆ ಸೀರೆಗೆ ಹೊಂದುವ ಕುಪ್ಪಸ ಹುಡುಕಿಕೊಂಡು ನಿನ್ನೆ ಸವದತ್ತಿ ಪೇಟೆಯೆಲ್ಲ ಸುತ್ತಿ ಬಂದೆ.