ಹಳದಿ ಹೊಟ್ಟೆಯವನ ಪೈಪು

ಗಂಡಸಾಗಿ ಹುಟ್ಟಿದ ಮೇಲೆ ಬಾಳಿನಲ್ಲಿ ಒಮ್ಮೆಯಾದರೂ ಹೆಂಡತಿಯ ಅಣ್ಣನ ಬಾಯಿ ಮುಚ್ಚಿಸಬೇಕು. ಮನೆ ಕಟ್ಟುವುದು, ಮಕ್ಕಳನ್ನು ದಡ ಸೇರಿಸುವುದು ಇವೆಲ್ಲ ಆಮೇಲಿನ ಮಾತು. ಈ ಮಹಾಸಂಕಲ್ಪವನ್ನು ನಾನು ಕೈಗೊಂಡದ್ದು ಒಂದು ಭಾನುವಾರದ ಊಟದ ಮೇಜಿನಲ್ಲಿ, ಬಾಯಲ್ಲಿ ಅರ್ಧ ಆಲೂಗಡ್ಡೆ ಇದ್ದಾಗ.

ನಾನು ಹುಟ್ಟಿದ್ದು ಕೆಳಗಿನ ಬ್ರೆಸ್ ಬಯಲಿನಲ್ಲಿ. ನಮ್ಮ ಕಡೆಯವರು ತಲೆತಲಾಂತರದಿಂದ ಮೆಕ್ಕೆಜೋಳದ ಗಂಜಿ ಕುಡಿದು ಬೆಳೆದವರು. ಹಾಗಾಗಿ ಬೆಟ್ಟದ ಮೇಲಿನವರು ನಮ್ಮನ್ನು ‘ಹಳದಿ ಹೊಟ್ಟೆ’ ಎಂದು ಕರೆಯುತ್ತಾರೆ. ನಾನು ಸೊಲಾಂಜಳನ್ನು ಮದುವೆಯಾಗಿ ಬೆಟ್ಟದ ಮೇಲಿನ ಸಾಂ ಕ್ಲೋದ್‌ಗೆ ಬಂದು ಇಪ್ಪತ್ತು ವರ್ಷವಾಯಿತು. ಇಲ್ಲಿಯದೇ ಪುರಸಭೆಯಲ್ಲಿ ಕೆಲಸ, ಇಲ್ಲಿಯದೇ ಚಳಿ, ಇಲ್ಲಿಯದೇ ನೆಗಡಿ. ಆದರೂ ಅಶೀಲ್ ಎಂಬ ನನ್ನ ಹೆಸರು ಭಾವ ರೆಜಿಸ್‌ನ ನಾಲಿಗೆಯ ಮೇಲೆ ಒಂದು ದಿನವೂ ಹೊರಳಲಿಲ್ಲ.

“ಹಳದಿ ಹೊಟ್ಟೆ, ಆ ಸಾಸಿವೆ ಇತ್ತ ತಳ್ಳು” ಎಂದ ಅವತ್ತೂ. ತಳ್ಳಿದೆ. “ಈ ತಿಂಗಳ ಕೊನೆಗೆ ಪೈಪಿನ ಪಂದ್ಯ ಇದೆ. ನೋಡೋಕಾದ್ರೂ ಬಾ. ಕುರ್ಚಿ ಎತ್ತಿಡೋಕೆ ಒಬ್ಬರು ಬೇಕು.”

ನಮ್ಮೂರು ತಂಬಾಕು ಸೇದುವ ಪೈಪಿನ ಊರು. ಬ್ರೈಯರ್ ಗಿಡದ ಬೇರುಗಡ್ಡೆ ಕೆತ್ತಿ ಪೈಪು ಮಾಡುವುದರಲ್ಲೇ ಊರಿನ ಮುಕ್ಕಾಲು ಪಾಲು ಬೆರಳುಗಳು ಸವೆದಿವೆ. ಇಲ್ಲಿಯ ಸಂಘ ವರ್ಷಕ್ಕೊಮ್ಮೆ ಒಂದು ಪಂದ್ಯ ನಡೆಸುತ್ತದೆ. ಯಾರಾದರೂ ಎಸೆದ ಹಳೆಯ ಪೈಪನ್ನು ತಂದು, ಕೈಯಾರೆ ರಿಪೇರಿ ಮಾಡಿ, ಮೆರುಗು ಕೊಟ್ಟು, ಅದರಲ್ಲೇ ಸೇದಬೇಕು. ಎಲ್ಲರಿಗೂ ಒಂದೇ ತೂಕದ ತಂಬಾಕು, ಎರಡೇ ಬೆಂಕಿಕಡ್ಡಿ. ಒಮ್ಮೆ ಹೊತ್ತಿಸಿದ ಮೇಲೆ ಯಾರ ಪೈಪು ಎಲ್ಲರಿಗಿಂತ ಕೊನೆಯಲ್ಲಿ ಆರುತ್ತದೋ ಅವನಿಗೆ ಬೆಳ್ಳಿ ಬಟ್ಟಲು. ಆ ಬಟ್ಟಲು ಅನೇಕ ವರ್ಷಗಳಿಂದ ಭಾವನ ಮನೆಯ ಕಪಾಟಿನಲ್ಲೇ ಮೊಟ್ಟೆಯಿಟ್ಟು ಕೂತಿದೆ.

“ಕುರ್ಚಿ ಎತ್ತಿಡೋಕಲ್ಲ, ಕೂರೋಕೆ ಬರ್ತೀನಿ” ಎಂದೆ. “ನಾನು ಗೆದ್ದರೆ ಇಡೀ ಸಭೆ ಎದುರಿಗೆ ನನ್ನನ್ನ ಹೆಸರು ಹಿಡಿದು ಕರೀಬೇಕು.”

“ಸೋತರೆ?”

“ವರ್ಷವಿಡೀ ಈ ಮೇಜಿಗೆ ಹಳದಿ ಸೊಂಟಪಟ್ಟಿ ಕಟ್ಟಿಕೊಂಡು ಬರ್ತೀನಿ.”

“ಬಟ್ಟೆ ನಾನೇ ಕೊಡಿಸ್ತೀನಿ” ಎಂದ ಭಾವ. ಸೊಲಾಂಜ್ ನನ್ನ ಕಡೆ ನೋಡಿದಳು. ಅವಳು ಎಲೆಕೋಸಿಗೆ ಹೋಲಿಸಿ ‘ನನ್ನ ಕೋಸೇ’ ಎಂದು ಕರೆದರೆ ಪ್ರೀತಿ ಉಕ್ಕಿದೆ ಎಂದರ್ಥ. ‘ಅಶೀಲ್’ ಎಂದರೆ ಎಲ್ಲೋ ಏನೋ ಒಡೆದಿದೆ ಎಂದರ್ಥ. “ಅಶೀಲ್” ಎಂದಳು, ಅಷ್ಟೇ.

ಹಳೇ ಸಾಮಾನಿನ ಸಂತೆಯಲ್ಲಿ ಪೈಪು ಸಿಕ್ಕಿತು. ತುಕ್ಕು ಹಿಡಿದ ಹಾರೆ ಮತ್ತು ಕಿವಿ ಮುರಿದ ಹೂಜಿಯ ನಡುವೆ ಅನಾಥವಾಗಿ ಬಿದ್ದಿತ್ತು. ತಂಬಾಕು ತುಂಬುವ ಬಟ್ಟಲಿನೊಳಗೆ ಇದ್ದಿಲಿನ ಪದರ ಎಷ್ಟು ದಪ್ಪವಿತ್ತೆಂದರೆ ಕಿರುಬೆರಳು ಹೋಗಲೊಲ್ಲದು. ಬಾಯಿಗಿಡುವ ಕಡ್ಡಿ ಮೊದಲು ಕಪ್ಪಾಗಿದ್ದಿರಬೇಕು, ಈಗ ಪಾಚಿಗಟ್ಟಿದ ಬಾವಿಯ ಮೆಟ್ಟಿಲಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಹಿಂದಿನ ಯಜಮಾನನ ಹಲ್ಲಿನ ಗುರುತು ಶಾಸನದ ಹಾಗೆ ಕೆತ್ತಿ ನಿಂತಿತ್ತು. ನನಗೋ ಅದರೊಳಗೆ ಮಲಗಿದ್ದ ರಾಜಕುಮಾರ ಕಂಡ. ಮನೆಗೆ ತಂದು ತೋರಿಸಿದೆ.

“ಯಾರು ಸತ್ತರು?” ಎಂದರು ನಮ್ಮ ಜೊತೆಯಲ್ಲೇ ಇರುವ ಸೊಲಾಂಜಳ ತಾಯಿ, ಅತ್ತೆ ಬೆರ್ತ್, ಮೂಗು ಮುಚ್ಚಿಕೊಂಡು.

ಮೊದಲು ಇದ್ದಿಲು ಕೆರೆದೆ. ಆಮೇಲೆ ವಾಸನೆ. ಇದಕ್ಕೆ ಹಳೆಯ ಉಪಾಯವೊಂದಿದೆ. ಬಟ್ಟಲಿಗೆ ಉಪ್ಪು ತುಂಬಿ ಮೇಲೆ ಕಡಕ್ ಸಾರಾಯಿ ಹನಿಸಿಟ್ಟರೆ ಒಳಗಿನ ಕಮಟನ್ನೆಲ್ಲ ಉಪ್ಪು ಹೀರಿಕೊಂಡುಬಿಡುತ್ತದೆ. ಮನೆಯಲ್ಲಿ ಕಡಕ್ ಸಾರಾಯಿ ಎಂದಿದ್ದದ್ದು ಸೊಲಾಂಜ್ ಅಡುಗೆಗೆಂದು ಬಚ್ಚಿಟ್ಟಿದ್ದ ಚೆರಿ ಹಣ್ಣಿನ ಸಾರಾಯಿಯ ಸೀಸೆ ಒಂದೇ. ಎರಡು ಹನಿ ಸಾಕಿತ್ತು. ಆದರೆ ಪೈಪು ಹನಿಸಿದಷ್ಟೂ ಕುಡಿಯಿತು. ಬಹಳ ವರ್ಷಗಳ ಬಾಯಾರಿಕೆ ಇರಬೇಕೆಂದು ನಾನೂ ಧಾರಾಳವಾಗಿ ಬಡಿಸಿದೆ. ಸೀಸೆ ಬರಿದಾದಾಗ ಪೈಪಿನಿಂದ ವಸಂತಕಾಲದ ಪರಿಮಳ ಬರುತ್ತಿತ್ತು. ಸೀಸೆಯನ್ನು ಇದ್ದ ಜಾಗದಲ್ಲೇ, ಲೇಬಲ್ಲು ಮುಂದೆ ಮಾಡಿ, ಭಕ್ತಿಯಿಂದ ಇಟ್ಟೆ.

ಇನ್ನು ಆ ಹಸಿರು ಕಡ್ಡಿ. ಮರಳುಕಾಗದದಲ್ಲಿ ಉಜ್ಜಿದೆ, ಹೋಗಲಿಲ್ಲ. ಸೋಪಿನಲ್ಲಿ ನೆನೆಸಿದೆ, ಇನ್ನಷ್ಟು ಹಸಿರಾಯಿತು. ಆಗ ನನ್ನ ಕಣ್ಣು ಬಚ್ಚಲಿನ ಗೂಡಿನಲ್ಲಿದ್ದ ಅತ್ತೆಯ ಗಾಜಿನ ಲೋಟದ ಮೇಲೆ ಬಿತ್ತು. ಹಲ್ಲುಸೆಟ್ಟು ತೊಳೆಯುವ ಗುಳಿಗೆ ಕರಗಿ ನೀರು ಬುಸುಬುಸು ನೊರೆಯುತ್ತಿತ್ತು. ಇಷ್ಟು ವರ್ಷದ ಹಲ್ಲನ್ನು ಬೆಳ್ಳಗೆ ಮಾಡುವ ನೀರು ಒಂದು ಕಡ್ಡಿಯನ್ನು ಕರ್ರಗೆ ಮಾಡದೇ? ಹಲ್ಲುಸೆಟ್ಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಪೈಪಿನಿಂದ ಬಿಚ್ಚಿದ ಕಡ್ಡಿಯನ್ನೂ ಇಳಿಬಿಟ್ಟೆ. ಬೆಳಗ್ಗೆ ಬೇಗ ಎದ್ದು ತೆಗೆದರಾಯಿತು ಎಂದುಕೊಂಡೆ. ಬೇಗ ಎದ್ದವರು ಅತ್ತೆ.

“ಸೊಲಾಂಜ್! ನನ್ನ ಹಲ್ಲು ಯಾರದ್ದೋ ಬಾಯಿ ಕಡ್ಡಿ ಕಚ್ಚಿಕೊಂಡು ಕೂತಿದೆ!”

ಅದು ನಿಜವೂ ಆಗಿತ್ತು. ಹಲ್ಲುಸೆಟ್ಟು ಕಡ್ಡಿಯನ್ನು ಒಳ್ಳೆ ಅನುಭವಸ್ಥ ಸೇದುಗನ ಹಾಗೆ ಒಂದು ಕಡೆಗೆ ಕಚ್ಚಿ ಹಿಡಿದಿತ್ತು. ಕಡ್ಡಿ ಮಾತ್ರ ಹಸಿರೆಲ್ಲ ಬಿಟ್ಟು ಹೊಸದರ ಹಾಗೆ ಕಪ್ಪಾಗಿತ್ತು.

“ಅತ್ತೆ, ಸ್ವಲ್ಪ ಉಜ್ಜಿದರೆ ಕನ್ನಡಿ ಆಗುತ್ತೆ ನೋಡಿ” ಎಂದೆ.

“ನೋಡ್ತೀನಪ್ಪಾ ಅಳಿಯ. ಆದರೆ ಇನ್ನು ಮೇಲೆ ನಾನು ಆ ಲೋಟದಲ್ಲಿ ಹಲ್ಲಿಡೋದಿಲ್ಲ. ಯಾವ ಮುದುಕ ಸೇದಿ ಸತ್ತಿದ್ದನೋ.”

“ಅದಕ್ಕಿಂತ ಒಳ್ಳೆ ಪಾತ್ರೆ ತಂದುಕೊಡ್ತೀನಿ, ಅತ್ತೆ. ಇದು ನನ್ನ ಮಾತು.”

ಆವೇಶದಲ್ಲಿ ಕೊಟ್ಟ ಮಾತು. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಪಂದ್ಯದ ಹಿಂದಿನ ದಿನ ಶನಿವಾರ. ಸೊಲಾಂಜ್ ಅಣ್ಣನನ್ನು ಊಟಕ್ಕೆ ಕರೆದಿದ್ದಳು. ಮೇಜಿನ ನಡುವೆ ಸಣ್ಣ ಒಲೆ, ಒಲೆಯ ಮೇಲೆ ಮಡಕೆ, ಮಡಕೆಯಲ್ಲಿ ಬಿಳಿ ವೈನಿನ ಜೊತೆ ಕರಗಿ ಕುದಿಯುವ ಚೀಸು. ಉದ್ದನೆಯ ಕಡ್ಡಿಗೆ ಬ್ರೆಡ್ಡಿನ ಚೂರು ಚುಚ್ಚಿ ಅದ್ದಿ ತಿನ್ನುವುದು. ಮಡಕೆಯೊಳಗೆ ಏನನ್ನಾದರೂ ಬೀಳಿಸಿದವನು ಆ ರಾತ್ರಿಯ ಪಾತ್ರೆಯೆಲ್ಲ ತೊಳೆಯಬೇಕು, ಇದು ಬೆಟ್ಟದ ಮೇಲಿನ ಕಾನೂನು.

ನನಗಿನ್ನೂ ಕೊನೆಯ ಮೆರುಗು ಬಾಕಿ ಇತ್ತು. ಶೆಡ್ಡಿನಲ್ಲಿ ಚಳಿ. ಹಾಗಾಗಿ ಡ್ರಿಲ್ಲಿಂಗ್ ಮಷೀನನ್ನು ಅಡುಗೆಮನೆಯ ಕಟ್ಟೆಗೆ ಬಿಗಿದು, ಅದರ ಮೂತಿಗೆ ದುಂಡಗೆ ಕತ್ತರಿಸಿದ ಫ್ಲಾನೆಲ್ ಬಟ್ಟೆ ಸಿಕ್ಕಿಸಿ, ಮೇಣ ಸವರಿ ತಿರುಗಿಸತೊಡಗಿದ್ದೆ.

“ಆ ಬಟ್ಟೆ ಎಲ್ಲಿಂದ ಬಂತು?” ಎಂದಳು ಸೊಲಾಂಜ್.

“ಹಳೇದು.”

“ಹೂವಿನ ಚಿತ್ರ ಇದೆ.”

“ಹಳೇ ಹೂವು.”

ಅವಳು ತನ್ನ ರಾತ್ರಿಯುಡುಪನ್ನು ನೆನೆಸಿಕೊಳ್ಳುವಷ್ಟರಲ್ಲಿ ಅದಕ್ಕಿಂತ ದೊಡ್ಡ ಸಂಕಟ ಎದುರಾಯಿತು. ಚೀಸಿಗೆ ಕೊನೆಯಲ್ಲಿ ಚೆರಿ ಸಾರಾಯಿ ಹಾಕಬೇಕು. ಸೀಸೆ ಬಗ್ಗಿಸಿದಳು. ಅಲ್ಲಾಡಿಸಿದಳು. ಬೆಳಕಿಗೆ ಹಿಡಿದಳು.

“ಅಶೀಲ್.”

ಮಷೀನಿನ ಸದ್ದಿನಲ್ಲಿ ಕೇಳಿಸದವನ ಹಾಗೆ ಮೆರುಗು ಕೊಡುತ್ತಲೇ ಇದ್ದೆ. ಪೈಪು ಕೈಯಲ್ಲಿ ದಾಳಿಂಬೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಬೇರಿನ ಗೆರೆಗಳು ಜ್ವಾಲೆಯ ಹಾಗೆ ಮೇಲೇಳುತ್ತಿದ್ದವು.

“ಅಶೀಲ್, ಈ ಸೀಸೆ ಯಾರು ಖಾಲಿ ಮಾಡಿದ್ದು?”

ತಿರುಗಿ ನೋಡಿದೆ. ಅದೇ ತಪ್ಪು. ತಿರುಗುವ ಬಟ್ಟೆ ಪೈಪಿನ ಅಂಚನ್ನು ಹಿಡಿದು ಕಿತ್ತುಕೊಂಡಿತು. ಪೈಪು ಭಾವನ ಕಿವಿಯ ಪಕ್ಕದಲ್ಲೇ ಹಾರಿ, ದೀಪಕ್ಕೆ ಬಡಿದು, ನೇರವಾಗಿ ಮಡಕೆಯೊಳಗೆ ‘ಗುಳುಕ್’ ಎಂದು ಮುಳುಗಿತು. ಎಲ್ಲರೂ ಮಡಕೆಯನ್ನೇ ನೋಡಿದೆವು. ಒಂದು ಗುಳ್ಳೆ ಎದ್ದು ಒಡೆಯಿತು.

ಅತ್ತೆ ಬಗ್ಗಿ ಮೂಸಿದರು. “ಅಂತೂ ಚೆರಿ ಸಾರಾಯಿ ಬಂತು” ಎಂದರು.

ಉಳಿದವರು ಉಪ್ಪಿನಲ್ಲಿಟ್ಟ ಸೌತೆಮಿಡಿ, ತಣ್ಣಗಿನ ಮಾಂಸ ತಿಂದೆವು. ಅತ್ತೆ ಒಬ್ಬರೇ ಮಡಕೆ ಬಿಡಲಿಲ್ಲ. ಈ ವರ್ಷದಲ್ಲೇ ಇಷ್ಟು ಹದವಾಗಿ ಆಗಿರಲಿಲ್ಲವೆಂದು ತಳ ಕೆರೆದರು. ಭಾವ ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೋದ. ಬಾಗಿಲಲ್ಲಿ ನಿಂತು, “ಸೊಂಟಪಟ್ಟಿಗೆ ರೇಷ್ಮೆನಾ, ಹತ್ತಿನಾ?” ಎಂದು ಕೇಳುವುದನ್ನು ಮರೆಯಲಿಲ್ಲ. ನಾನು ಕಾನೂನಿನ ಪ್ರಕಾರ ಪಾತ್ರೆ ತೊಳೆದೆ, ಜೊತೆಗೆ ಪೈಪನ್ನೂ ತೊಳೆದೆ. ಒಳಗಿನ ತೂತಿಗೆ ಎರಡೂ ಕಡೆಯಿಂದ ತಂತಿ ಹಾಕಿದೆ. ಊದಿದರೆ ಗಾಳಿ ಬಂತು. ಸಾಕೆಂದು ಒಲೆಯ ಮೇಲಿನ ಕಟ್ಟೆಯಲ್ಲಿ ಒಣಗಲಿಟ್ಟೆ.

ಭಾನುವಾರ ಸಭಾಂಗಣ ತುಂಬಿತ್ತು. ಉದ್ದನೆಯ ಮೇಜಿನಲ್ಲಿ ಭಾವನ ಎದುರಿಗೇ ನನ್ನ ಜಾಗ. ನನ್ನ ಪೈಪನ್ನು ಕಂಡು ಅಕ್ಕಪಕ್ಕದವರು ಕುತ್ತಿಗೆ ಚಾಚಿದರು. ಅಷ್ಟು ಮೆರುಗು! ಸಂಘದ ಅಧ್ಯಕ್ಷರಾದ ಪೋಂಸಾರ್ ಗಂಟೆ ಬಾರಿಸಿದರು. ತಂಬಾಕು ತುಂಬಿದೆವು, ಕಡ್ಡಿ ಗೀರಿದೆವು.

ಮೊದಲ ದಮ್ಮಿನಲ್ಲೇ ಗೊತ್ತಾಯಿತು, ನನ್ನ ಪೈಪು ಬೇರೆಯವರ ಪೈಪಿನ ಹಾಗಲ್ಲ. ಎಷ್ಟು ಎಳೆದರೂ ಹೊಗೆ ದಾರದಷ್ಟೇ ಬರುತ್ತಿತ್ತು. ಒಳಗಿನ ಬೆಂಕಿ ಪಿಂಚಣಿದಾರನ ಹಾಗೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಉರಿಯುತ್ತಿತ್ತು. ಇದು ನನ್ನ ಉಸಿರಿನ ಹಿಡಿತ, ಬಯಲಿನವರ ಸಹಜ ತಾಳ್ಮೆ ಎಂದುಕೊಂಡು ಬೀಗಿದೆ. ಒಬ್ಬೊಬ್ಬರ ಪೈಪೂ ಆರಿತು. ಆರಿದವರು ಎದ್ದು ಗೋಡೆಗೊರಗಿದರು. ಕೊನೆಗೆ ಮೇಜಿನಲ್ಲಿ ಉಳಿದದ್ದು ನಾವಿಬ್ಬರೇ.

ಭಾವನ ಹಣೆಯಲ್ಲಿ ಬೆವರು. ನಾನೋ ಛಾವಣಿ ನೋಡುತ್ತ ಹೊಗೆಯ ದಾರ ಬಿಡುತ್ತಿದ್ದೆ. ನನ್ನನ್ನು ನಗಿಸಿ ಆರಿಸಬೇಕೆಂದು ಅವನಿಗೆ ಹೊಳೆಯಿತು.

“ರೇಷ್ಮೆನೇ ತರಿಸ್ತೀನಿ ಕಣೋ, ಹಳದಿ ಹೊ—”

ಬಾಯಿ ತೆರೆದಷ್ಟು ಹೊತ್ತು ಪೈಪಿನ ಕಡೆ ಗಮನವಿಲ್ಲ. ಮತ್ತೆ ಕಡ್ಡಿಯನ್ನು ತುಟಿಗಿಟ್ಟು ಎಳೆದ. ಎಳೆದ. ಹೊಗೆ ಬರಲಿಲ್ಲ. ಇಪ್ಪತ್ತು ವರ್ಷ ನನ್ನನ್ನು ಸುಟ್ಟ ಮಾತು ಅವನ ಬೆಂಕಿಯನ್ನೇ ಆರಿಸಿತ್ತು.

ಚಪ್ಪಾಳೆ! ನಾನು ಎದ್ದು ನಿಂತು ನಾಲ್ಕೂ ದಿಕ್ಕಿಗೆ ತಲೆಬಾಗಿದೆ. ಗೆದ್ದ ಪೈಪನ್ನು ಪರೀಕ್ಷಿಸುವ ಪದ್ಧತಿ ಇದೆ. ಪೋಂಸಾರ್ ಬಾಯಿ ಕಡ್ಡಿ ಬಿಚ್ಚಿ, ತೂತಿಗೆ ನವಿರು ತಂತಿ ತೂರಿಸಿ ಎಳೆದರು. ತಂತಿಯ ಜೊತೆ ಹಳದಿ ಎಳೆಯೊಂದು ಹೊರಬಂತು. ಎಳೆದಷ್ಟೂ ಬಂತು.

“ಏನ್ರೀ ಇದು?” ಎಂದರು ಪೋಂಸಾರ್.

ಆಗ ನನಗೆ ನನ್ನ ಉಸಿರಿನ ಹಿಡಿತದ ಗುಟ್ಟು ಅರ್ಥವಾಯಿತು. “ಚೀಸು” ಎಂದೆ, ಮೆಲ್ಲಗೆ.

“ಚೀಸಂತೆ!” ಎಂದು ಭಾವ ಮೇಜು ಗುದ್ದಿದ. “ಪೈಪಿನೊಳಗೆ ಹೊರಗಿನ ವಸ್ತು ಇರಕೂಡದು. ಸಂಘದ ನಿಯಮ. ಹೊಡೆದುಹಾಕಿ ಇವನ ಹೆಸರು.”

ಕಣ್ಣ ಮುಂದೆ ಹಳದಿ ರೇಷ್ಮೆ ಹಾರಾಡಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಊರುಗೋಲಿನ ಸದ್ದು. ಅತ್ತೆ ಎದ್ದು ಬಂದಿದ್ದರು.

“ಯಾವನೋ ಅದು ಹೊರಗಿನದು ಅಂದವನು? ರೆಜಿಸ್, ನೀನಾ? ಅದು ನಮ್ಮ ಬೆಟ್ಟದ ಹಸು ಹಾಲು, ನಮ್ಮೂರ ನೆಲಮಾಳಿಗೆಯಲ್ಲಿ ಮಲಗಿ ಹಣ್ಣಾದ ಚೀಸು. ಅದನ್ನ ತಿಂದೇ ಅಲ್ವೇನೋ ನೀನು ಇಷ್ಟು ದಪ್ಪ ಆಗಿದ್ದು? ಪೋಂಸಾರ್, ನೀನೇ ನೋಡು. ಇದರ ರುಚಿ ನಿನಗೆ ತಾಯಿ ಹಾಲಿನಷ್ಟೇ ಗೊತ್ತು.”

ಪೋಂಸಾರ್ ಮೂಸಿದರು. ಒಂದು ಚೂರು ನಾಲಿಗೆಯ ತುದಿಗಿಟ್ಟು ಕಣ್ಣು ಮುಚ್ಚಿದರು.

“ಮೇಲಿನ ಹುಲ್ಲುಗಾವಲಿನದು” ಎಂದರು ಕೊನೆಗೆ. “ಹೊರಗಿನದು ಅನ್ನೋದಕ್ಕೆ ನನಗೆ ಬಾಯಿ ಬರೋದಿಲ್ಲ. ಬಟ್ಟಲು ಕೊಡಿ.”

ಇಪ್ಪತ್ತು ವರ್ಷ ಇಲ್ಲಿಯ ನೆಗಡಿ ಅನುಭವಿಸಿದ ನಾನು ಹೊರಗಿನವನಾಗಿಯೇ ಉಳಿದಿದ್ದೆ. ಒಂದು ರಾತ್ರಿ ನನ್ನ ಪೈಪಿನಲ್ಲಿ ಮಲಗಿದ ಚೀಸು ನನ್ನನ್ನೂ ಜೊತೆಗೆ ಒಳಗೆ ಎಳೆದುಕೊಂಡಿತು. ಬೆಳ್ಳಿ ಬಟ್ಟಲು ಕೈಗೆ ಬಂತು. ಭಾವ ಎದ್ದು ನಿಂತ. ಕೆಮ್ಮಿದ. ಟೋಪಿ ತೆಗೆದ.

“ಅಶೀಲ್” ಎಂದ. ಆಮೇಲೆ ಕಿವಿಯ ಹತ್ತಿರ ಬಗ್ಗಿ, “ಎಷ್ಟು ತಿಂಗಳ ಚೀಸು ಅದು?”

ಆ ರಾತ್ರಿ ಸೊಲಾಂಜ್ ನನ್ನನ್ನು ‘ನನ್ನ ಕೋಸೇ’ ಎಂದಳು. ಬಟ್ಟಲನ್ನು ಅಗ್ಗಿಷ್ಟಿಕೆಯ ಮೇಲೆ, ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಇಟ್ಟು, ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಹಾಗೆ ಮಲಗಿದೆ.

ಬೆಳಗ್ಗೆ ಎದ್ದವನೇ ಬಟ್ಟಲು ನೋಡಲು ಹೋದೆ. ಜಾಗ ಖಾಲಿ. ಹುಡುಕಿದೆ. ಸಿಕ್ಕಿದ್ದು ಬಚ್ಚಲಿನ ಗೂಡಿನಲ್ಲಿ. ಒಳಗೆ ನೀರು ಬುಸುಬುಸು ನೊರೆಯುತ್ತಿತ್ತು. ನೊರೆಯ ನಡುವಿನಿಂದ ಅತ್ತೆಯ ಮೇಲಿನ ಹಲ್ಲುಸೆಟ್ಟು ನನ್ನ ಗೆಲುವನ್ನು ಕಂಡು ಬಾಯ್ತುಂಬ ನಗುತ್ತಿತ್ತು.

ಹಿಂದಿನಿಂದ ಅತ್ತೆಯ ಬೊಚ್ಚುಬಾಯಿ ದನಿ ಕೇಳಿಸಿತು: “ಮಾತು ಉಳಿಸಿಕೊಂಡೆಯಪ್ಪಾ ಅಳಿಯ, ಅಳತೆ ಸರಿಯಾಗಿದೆ. ಮುಂದಿನ ವರ್ಷವೂ ಗೆದ್ದುಬಿಡು. ಕೆಳಗಿನ ಸೆಟ್ಟಿಗೆ ಇನ್ನೊಂದು ಬೇಕು.”