ಕುರ್ಚಿಗೆ ಕಾಲುಚೀಲ

ಕೋಟಿನ ಬಟ್ಟೆಗೆ ದರ್ಜಿಯ ಒಂದು ತಿಂಗಳ ಮನೆಬಾಡಿಗೆಯಷ್ಟು ಬೆಲೆ. ಹೊಲಿದರೆ ಸಿಗುವ ಕೂಲಿ ಅದರ ಕಾಲುಭಾಗ. ಕತ್ತರಿ ಒಂದು ಬೆರಳು ದಾರಿ ತಪ್ಪಿದರೆ ಎರಡೂ ಅವನ ತಲೆಯ ಮೇಲೆ. ಸಂಜೆಗೆ ಕೋಟು ಕೊಡಲೇಬೇಕಿದ್ದ ಆ ಬೆಳಿಗ್ಗೆ ಮೇಲಿನ ಮನೆಯಲ್ಲಿ ಕುರ್ಚಿ ಕಿರ್ರೆಂದಿತು, ಕತ್ತರಿ ಹಾರಿತು, ಎಡತೋಳಿನ ಬಟ್ಟೆ ಕೂದಲೆಳೆಯಲ್ಲಿ ಉಳಿಯಿತು.

ಮೇಲೆ ಇದ್ದದ್ದು ಟ್ಯೂಷನ್ ಟೀಚರಮ್ಮ. ಮಕ್ಕಳು ಬಂದಾಗಲೊಮ್ಮೆ, ಹೋದಾಗಲೊಮ್ಮೆ ಕುರ್ಚಿಗಳ ಎಳೆದಾಟ. ಕೆಳಗೆ ಕೂತವನಿಗೆ ನೆತ್ತಿಯ ಮೇಲೆ ರೈಲು ಹಳಿ ಬದಲಿಸಿದ ಹಾಗೆ.

"ಹೋಗ್ಲಿ ಬಿಡಿ, ಅವರೂ ಹೊಟ್ಟೆಪಾಡಿಗೆ ಮಾಡ್ತಾರೆ," ಎಂದಳು ಹೆಂಡತಿ.

"ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಕಣೇ," ಎಂದವನೇ ಅಳತೆಯ ಟೇಪು ಕುತ್ತಿಗೆಯಲ್ಲಿ ತೂಗಾಡಿಸಿಕೊಂಡು ಮೆಟ್ಟಿಲೇರಿದ.

ಜಗಳಕ್ಕೆ ಮನೆಮನೆಯ ಬಾಗಿಲು ತೆರೆದವು. ದರ್ಜಿಯ ಕೆಳಗಿನ ಮನೆಯ ನರ್ಸಮ್ಮ ರಾತ್ರಿಪಾಳಿ ಮುಗಿಸಿ ಬಂದ ಕೆಂಗಣ್ಣಿನಲ್ಲೇ ಅವನ ಪಕ್ಷ ಸೇರಿದರು. ಮಧ್ಯಾಹ್ನವಿಡೀ ಮೇಲಿಂದ ಟಕಟಕ, ತಮಗೂ ನಿದ್ದೆಯಿಲ್ಲ ಎಂದರು. ಕಟ್ಟಡದ ಕಾರ್ಯದರ್ಶಿಗೆ ಪಂಚಾಯ್ತಿ ಎಂದರೆ ಊಟವೂ ಬೇಡ; ಮೆಟ್ಟಿಲ ಮೇಲೇ ಸಭೆ ಕೂಡಿಸಿದ.

"ನಿಮ್ಮನೇಲಿ ಸದ್ದೇ ಇಲ್ವಾ ಹಾಗಾದ್ರೆ?" ಟೀಚರಮ್ಮ ಕೇಳಿದರು.

"ನಂದು ಸದ್ದಲ್ಲ ಮೇಡಂ, ಕಸುಬು."

ಮಧ್ಯಾಹ್ನದ ಊಟದಿಂದ ಬೀದಿದೀಪ ಹತ್ತುವವರೆಗೆ ಯಾರೂ ಸದ್ದು ಮಾಡಕೂಡದು ಎಂದು ತೀರ್ಮಾನವಾಯಿತು. ತಪ್ಪಿದವರ ಮನೆಗೆ ನೀರು ಬಂದ್ ಎಂಬ ಬಾಲವನ್ನು ಅಂಟಿಸಿದವನು ದರ್ಜಿಯೇ. ಕುರ್ಚಿ ಎತ್ತಿಡುವಷ್ಟು ಶಕ್ತಿ ಮಕ್ಕಳಿಗಿಲ್ಲ ಎಂದು ಟೀಚರಮ್ಮ ಪೇಚಾಡಿದಾಗ, ಗೆದ್ದವನ ಔದಾರ್ಯದಲ್ಲಿ ದಾರಿಯನ್ನೂ ಅವನೇ ತೋರಿಸಿದ: ಕುರ್ಚಿಕಾಲಿಗೆಲ್ಲ ಕಾಲುಚೀಲ, ಹೊಲಿಗೆ ಪುಕ್ಕಟೆ. ಕೋಟು ಬದಿಗಿಟ್ಟು, ಹೆಂಡತಿಯ ಕಂಬಳಿ ಕತ್ತರಿಸಿ, ಹೊಲಿದು, ತಾನೇ ತೊಡಿಸಿ ಬಂದ.

ಮಧ್ಯಾಹ್ನ ಮೇಲೆ ಮಕ್ಕಳು ಬಂದರು, ಕೂತರು. ಕುರ್ಚಿಗಳು ಬೆಕ್ಕಿನ ಹೆಜ್ಜೆ ಇಟ್ಟವು. ದರ್ಜಿ ಮೀಸೆ ತಿರುವಿ ಮಷೀನಿನ ಪೆಡಲು ತುಳಿದ. ಕೈ ಬೆಣ್ಣೆಯ ಮೇಲೆ ಓಡಿದಂತೆ ಓಡಿತು.

ಒಂದು ತೋಳು ಕೂಡಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮುಂದೆ ನರ್ಸಮ್ಮ, ಹಿಂದೆ ಕಾರ್ಯದರ್ಶಿ, ಅವನ ಹಿಂದೆ ಟೀಚರಮ್ಮ.

"ಇಷ್ಟು ದಿನ ಸುಮ್ನೆ ಟೀಚರಮ್ಮನ್ನ ಬೈಕೊಂಡೆ ಅಣ್ಣಾ," ಎಂದರು ನರ್ಸಮ್ಮ. "ಕುರ್ಚಿ ಬಾಯಿ ಮುಚ್ಚಿದ್ರೂ ಟಕಟಕ ನಿಲ್ಲಲಿಲ್ಲ. ಅದು ನಿಮ್ಮ ಪೆಡಲು."

"ಅದು ಕಸುಬು..."

"ಪಾಠ ನನ್ನ ಕಸುಬಲ್ವಾ?" ಎಂದರು ಟೀಚರಮ್ಮ, ಬಲು ಮೆತ್ತಗೆ.

ಕಾರ್ಯದರ್ಶಿ ಜೇಬಿಗೆ ಕೈ ಹಾಕಿದ. ನೀರು ನಿಲ್ಲಿಸುವ ಕೀಲಿ ತೋರಿಸಿದ.

ದರ್ಜಿ ಆಗಲೂ ಬಗ್ಗಲಿಲ್ಲ. ಉಳಿದದ್ದನ್ನು ಕೈಹೊಲಿಗೆಯಲ್ಲೇ ಮುಗಿಸುತ್ತೇನೆ, ಸೂಜಿಯ ಸದ್ದು ಯಾರಿಗೆ ಕೇಳುತ್ತದೋ ನೋಡೋಣ ಎಂದು ಗದರಿ, ಸದ್ದಾಗದಂತೆ ಬಾಗಿಲು ಹಾಕಿಕೊಂಡ.

"ಬಗ್ಗದೇ ಇದ್ರೂ ಬಿತ್ತಲ್ಲ ಗುದ್ದು," ಎಂದಳು ಹೆಂಡತಿ.

ಸಂಜೆ ಗಿರಾಕಿ ಬಂದಾಗ ಕೋಟಿಗೆ ಒಂದೂವರೆ ತೋಳಿತ್ತು. ದರ್ಜಿಗೆ ದಕ್ಕಿದ್ದು ಮೇಲಿನ ಮನೆಯ ಮೌನ. ಹೋದದ್ದು ಕೋಟಿನ ಕೂಲಿ, ಮಧ್ಯಾಹ್ನದ ಮಷೀನು ಮತ್ತು ಮನೆಗಿದ್ದ ಒಂದೇ ಒಂದು ಒಳ್ಳೆಯ ಕಂಬಳಿ.